ಎರಡು ಅಂಕ ಕಡಿಮೆ ಬಂದಿದೆಯೇ? ಬ್ರಿಟನ್ನಿನ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವುದು ಹೀಗೆ

ನನ್ನ ಮೊದಲ ಡಿಗ್ರಿಯಲ್ಲಿ ಬಂದದ್ದು 58. ಬ್ರಿಟನ್ನಿನಲ್ಲಿ 60ರಿಂದ 69 ಬಂದರೆ ಟೂ-ವನ್, 50ರಿಂದ 59 ಬಂದರೆ ಟೂ-ಟೂ ಅನ್ನುತ್ತಾರೆ. ಡಿಗ್ರಿ ಮುಗಿಸಿದವರಿಗೆಂದೇ ಇಲ್ಲಿ ನಾಲ್ಕು ವರ್ಷದ ಮೆಡಿಕಲ್ ಕೋರ್ಸುಗಳಿವೆ. ಗ್ರಾಜುಯೇಟ್ ಎಂಟ್ರಿ ಅಂತ ಕರೆಯುತ್ತಾರೆ. ಅವುಗಳಲ್ಲಿ ಹೆಚ್ಚಿನವು ಕೇಳುವುದು ಟೂ-ವನ್. ಎರಡು ಅಂಕಕ್ಕೆ ಎಲ್ಲ ಮುಗಿಯಿತು ಅಂದುಕೊಂಡು ಒಂದು ವರ್ಷ ಸುಮ್ನೆ ಕೂತೆ. ಮರುವರ್ಷ ಮಾಸ್ಟರ್ಸ್ ಓದುತ್ತಲೇ ಹಟಕ್ಕೆ ಬಿದ್ದು ಕಂಡಕಂಡಲ್ಲಿ ಅರ್ಜಿ ಹಾಕಿದೆ. ನಾಲ್ಕೂ ಕಡೆ ಇಲ್ಲ ಅಂದರು. ಇಂಟರ್‌ವ್ಯೂಗೂ ಕರೆಯಲಿಲ್ಲ. ಅದರ ಮುಂದಿನ ವರ್ಷ ಸೀಟು ಸಿಕ್ಕಿತು. ಆ 58 ಇವತ್ತಿಗೂ ನನ್ನ ಅಂಕಪಟ್ಟಿಯಲ್ಲಿ ಹಾಗೇ ಇದೆ.

ಇಲ್ಲಿನ ಕನ್ನಡದವರ ಹಬ್ಬದೂಟಗಳಲ್ಲಿ ಈಗಲೂ ಯಾರಾದರೊಬ್ಬರು ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಕೂರುತ್ತಾರೆ. "ಅಣ್ಣಾ, ನಂಗೆ ಟೂ-ವನ್ ಬರಲ್ಲ ಅನ್ಸುತ್ತೆ." "ಅಂಕಲ್, ನಾನು ಎ-ಲೆವೆಲ್‌ನಲ್ಲಿ ಕೆಮಿಸ್ಟ್ರಿ ತಗೊಂಡಿರಲಿಲ್ಲ." (ಎ-ಲೆವೆಲ್ ಅಂದರೆ ನಮ್ಮ ಪಿಯುಸಿ ಇದ್ದ ಹಾಗೆ.) ಅವರಿಗೆ ಹೇಳುವುದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಕೊರತೆ ಯಾವ ಬಗೆಯದು ಅಂತ ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮಗೆ ಬೇಕಾದ ಯೂನಿವರ್ಸಿಟಿಯ ಪ್ರವೇಶ ನಿಯಮಗಳನ್ನು ಒಂದೊಂದೇ ಸಾಲಾಗಿ ಬರೆದುಕೊಳ್ಳಿ. ನಿಮ್ಮಲ್ಲಿ ಇಲ್ಲದ್ದರ ಪಕ್ಕ ಗುರುತು ಹಾಕಿ. ಪ್ರತಿ ಗುರುತಿನ ಮುಂದೆಯೂ ಕೇಳಿಕೊಳ್ಳಿ: ಇದಕ್ಕೆ ಬದಲಿ ಇದೆಯಾ? ಈಗಲೂ ತುಂಬಿಕೊಳ್ಳಬಹುದಾ? ಇಲ್ಲಾ, ಇದು ಬಗ್ಗುವುದೇ ಇಲ್ಲವಾ?

ಬದಲಿ ಸಿಗುವುದು ಹೆಚ್ಚಾಗಿ ಡಿಗ್ರಿಯ ದರ್ಜೆಗೆ. ಉದಾಹರಣೆಗೆ ವಾರಿಕ್ ಯೂನಿವರ್ಸಿಟಿ. ಅಲ್ಲಿನ ಮೆಡಿಕಲ್ ಸ್ಕೂಲಿಗೆ ಡಿಗ್ರಿ ಮುಗಿಸಿದವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಟೂ-ಟೂ ಬಂದವರು ಆಮೇಲೆ ಮಾಸ್ಟರ್ಸ್ ಅಥವಾ ಪಿಎಚ್‌ಡಿ ಮಾಡಿದ್ದರೆ ಅವರನ್ನೂ ಪರಿಗಣಿಸುತ್ತಾ ಬಂದಿದ್ದಾರೆ. ಆದರೆ ಸಣ್ಣ ಅಕ್ಷರದಲ್ಲಿರುವುದನ್ನು ಬಿಡದೆ ಓದಿ. ಕೆಲವು ಕಡೆ ಅರ್ಜಿ ಹಾಕುವ ಹೊತ್ತಿಗೇ ಮಾಸ್ಟರ್ಸ್ ಮುಗಿದಿರಬೇಕು, ಓದುತ್ತಿದ್ದರೆ ಲೆಕ್ಕಕ್ಕಿಲ್ಲ. ನಾನು ಎಡವಿದ್ದು ಅಲ್ಲೇ. ಪುಟದ ಕೊನೆಯಲ್ಲಿದ್ದ ಆ ಒಂದು ಸಾಲು ಓದದೆ ಒಂದು ವರ್ಷ ಕಳೆದುಕೊಂಡೆ.

ಅದೇ ಐರ್ಲೆಂಡಿಗೆ ಹೋದರೆ ಲೆಕ್ಕ ಬೇರೆ. ಅಲ್ಲಿ ಐರ್ಲೆಂಡ್ ಮತ್ತು ಐರೋಪ್ಯ ಒಕ್ಕೂಟದ ಅಭ್ಯರ್ಥಿಗಳಿಗೆ ಮೊದಲ ಡಿಗ್ರಿಯಲ್ಲೇ ಟೂ-ವನ್ ಇರಬೇಕು. ಅದು ಇದ್ದರೆ ಗ್ಯಾಮ್‌ಸ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಸೀಟು. ನಿಮ್ಮ ಕಥೆ ಕೇಳಲು ಅಲ್ಲಿ ಯಾರೂ ಕೂತಿರುವುದಿಲ್ಲ. ಟೂ-ಟೂ ಇದ್ದವರು ಆ ಕಡೆ ಶ್ರಮ ಹಾಕಬೇಡಿ.

ಡಿಗ್ರಿಯ ವಿಷಯ ವಿಜ್ಞಾನ ಅಲ್ಲ ಅನ್ನುವವರು ಸುಮ್ಮನೆ ಹೆದರುತ್ತಾರೆ. ವಾರಿಕ್, ಸ್ವಾನ್ಸಿ ಎರಡೂ ಯೂನಿವರ್ಸಿಟಿಗಳಲ್ಲಿ ಯಾವ ವಿಷಯದ ಡಿಗ್ರಿ ಆದರೂ ನಡೆಯುತ್ತದೆ. ಇತಿಹಾಸ ಓದಿದವರೂ ಡಾಕ್ಟರಾಗಿದ್ದಾರೆ. ಆಕ್ಸ್‌ಫರ್ಡ್ ಮಾತ್ರ ಪ್ರಯೋಗ ಮಾಡಿ ಕಲಿಯುವ ವಿಜ್ಞಾನದ ಡಿಗ್ರಿಯೇ ಬೇಕು ಅನ್ನುತ್ತದೆ. ಹಾಗಾಗಿ ವಿಷಯದ ಕೊರತೆಗೆ ಮದ್ದು ಯೂನಿವರ್ಸಿಟಿ ಬದಲಿಸುವುದು, ಇನ್ನೊಂದು ಡಿಗ್ರಿ ಮಾಡುವುದಲ್ಲ.

ಈಗಲೂ ತುಂಬಿಕೊಳ್ಳಬಹುದಾದವು ಶಾಲೆಯ ಹಂತದ ಪರೀಕ್ಷೆಗಳು. ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ) ಗಣಿತದಲ್ಲೋ ಇಂಗ್ಲಿಷಿನಲ್ಲೋ ಗ್ರೇಡ್ ಸಾಲದಿದ್ದರೆ ನವೆಂಬರ್‌ನಲ್ಲಿ ಮತ್ತೆ ಬರೆಯಬಹುದು, ಫಲಿತಾಂಶ ಜನವರಿಯಲ್ಲಿ ಬರುತ್ತದೆ. ವಿಜ್ಞಾನದ ವಿಷಯಗಳಿಗೆ ಬೇಸಿಗೆಯವರೆಗೆ ಕಾಯಬೇಕು. ಎ-ಲೆವೆಲ್ ಕೆಮಿಸ್ಟ್ರಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವವರು ಒಂದು ವಿಷಯ ಮೊದಲೇ ಕೇಳಿಕೊಳ್ಳಿ. ಬರವಣಿಗೆಯ ಪರೀಕ್ಷೆಗೆ ಕೂರಿಸುವ ಕೇಂದ್ರ ಸಿಗುವುದು ಸುಲಭ. ಆದರೆ ಪ್ರಾಕ್ಟಿಕಲ್‌ಗೆ ಪಾಸ್ ಅಂತ ಬೇರೆಯೇ ದಾಖಲಾಗುತ್ತದೆ, ಎಲ್ಲ ಕೇಂದ್ರಗಳೂ ಅದನ್ನು ಮಾಡಿಸುವುದಿಲ್ಲ. ಯೂನಿವರ್ಸಿಟಿಗೆ ಅದೂ ಬೇಕಾ ಅಂತ ತಿಳಿದುಕೊಂಡೇ ಫೀಸು ಕಟ್ಟಿ.

ಬಗ್ಗದವೂ ಇವೆ. ಹಿಂದೆ ಒಂದು ಮೆಡಿಕಲ್ ಕೋರ್ಸಿಗೆ ಸೇರಿ ಅರ್ಧಕ್ಕೆ ಬಿಟ್ಟವರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ವೀಸಾ ಸ್ಥಿತಿಯೂ ಅಷ್ಟೇ. ಅಪ್ಪ ಅಮ್ಮ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದವರಾಗಿದ್ದು ಇನ್ನೂ ಖಾಯಂ ವಾಸದ ಹಕ್ಕು ಸಿಕ್ಕಿರದಿದ್ದರೆ, ಮಕ್ಕಳು ಇಲ್ಲೇ ಓದಿ ಬೆಳೆದಿದ್ದರೂ ವಿದೇಶಿ ವಿದ್ಯಾರ್ಥಿಯ ಫೀಸು ಕಟ್ಟಬೇಕಾಗಬಹುದು. ನಮ್ಮವರ ಮನೆಗಳಲ್ಲಿ ಇದು ಕೊನೇ ಗಳಿಗೆಯಲ್ಲಿ ಗೊತ್ತಾಗಿ ಮಕ್ಕಳು ಅತ್ತಿದ್ದನ್ನು ನೋಡಿದ್ದೇನೆ. ಎಲ್ಲಕ್ಕಿಂತ ಮೊದಲು ಇದನ್ನು ವಿಚಾರಿಸಿ.

ಬರೆದು ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ

ನಿಯಮದ ಪುಟದಲ್ಲಿ ನಿಮ್ಮ ಪರಿಸ್ಥಿತಿಗೆ ಉತ್ತರ ಇಲ್ಲ ಅಂದರೆ ಪ್ರವೇಶ ವಿಭಾಗಕ್ಕೆ ಇಮೇಲ್ ಮಾಡಿ. ಫೋನಿನಲ್ಲಿ ಯಾರೋ "ಆಗಬಹುದು" ಅಂದರೆ ನಾಳೆ ಅದಕ್ಕೆ ಸಾಕ್ಷಿ ಇರುವುದಿಲ್ಲ. ಇಮೇಲ್ ಚಿಕ್ಕದಾಗಿರಲಿ. ನನ್ನ ಮೊದಲ ಇಮೇಲ್ ಎರಡು ಪುಟ ಇತ್ತು. ಅಜ್ಜಿಯ ಕಾಯಿಲೆಯಿಂದ ಹಿಡಿದು ಎಲ್ಲ ಬರೆದಿದ್ದೆ. ಬಂದ ಉತ್ತರ ಒಂದೇ ಸಾಲು: ನಮ್ಮ ಪ್ರವೇಶ ನಿಯಮಗಳನ್ನು ನೋಡಿ. ಎರಡನೆಯದು ಹೀಗಿತ್ತು:

"ನನ್ನದು ಬಯೋಮೆಡಿಕಲ್ ಸೈನ್ಸ್ ಡಿಗ್ರಿ, ಟೂ-ಟೂ, 58. ಮಾಸ್ಟರ್ಸ್ ಮೆರಿಟ್‌ನಲ್ಲಿ ಮುಗಿದಿದೆ, ಪ್ರಮಾಣಪತ್ರ ಕೈಯಲ್ಲಿದೆ. ಮುಂದಿನ ವರ್ಷದ ಪ್ರವೇಶಕ್ಕೆ ಇಷ್ಟರಿಂದ ನಿಮ್ಮ ಕನಿಷ್ಠ ಶೈಕ್ಷಣಿಕ ಅರ್ಹತೆ ಪೂರೈಸಿದಂತಾಗುತ್ತದೆಯೇ?"

ಮೂರು ದಿನದಲ್ಲಿ "ಹೌದು" ಅಂತ ಬಂತು. ಹೌದು ಅಥವಾ ಇಲ್ಲ ಅನ್ನಬಹುದಾದ ಪ್ರಶ್ನೆ ಕೇಳಿದರೆ ಹಾಗೇ ಉತ್ತರ ಸಿಗುತ್ತದೆ. "ನನಗೆ ಸೀಟು ಸಿಗಬಹುದಾ" ಅಂತ ಕೇಳಬೇಡಿ, ಅದಕ್ಕೆ ಅವರು ಉತ್ತರ ಕೊಡುವಂತಿಲ್ಲ. ಬಂದ ಇಮೇಲನ್ನು ಉಳಿಸಿಕೊಳ್ಳಿ.

ಇನ್ನೊಂದು ದಾರಿಯನ್ನು ಜಾಸ್ತಿ ಜನ ಬಳಸುವುದಿಲ್ಲ. ನಮ್ಮ ಆರ್‌ಟಿಐ ಇದ್ದ ಹಾಗೆ ಬ್ರಿಟನ್ನಿನಲ್ಲೂ 2000ನೇ ಇಸವಿಯ ಮಾಹಿತಿ ಕಾಯ್ದೆ ಇದೆ. ಯೂನಿವರ್ಸಿಟಿಗಳೂ ಅದರಡಿ ಬರುತ್ತವೆ. ಕಳೆದ ವರ್ಷ ಇಂಟರ್‌ವ್ಯೂಗೆ ಕರೆದವರ ಕಡಿಮೆ ಅಂಕ ಎಷ್ಟು, ಟೂ-ಟೂ ಇದ್ದವರಲ್ಲಿ ಎಷ್ಟು ಜನರಿಗೆ ಸೀಟು ಕೊಟ್ಟಿರಿ ಅಂತ ಕೇಳಬಹುದು. 20 ಕೆಲಸದ ದಿನಗಳಲ್ಲಿ ಉತ್ತರಿಸಬೇಕು. ಅರ್ಹತೆ ಬೇರೆ, ಆಯ್ಕೆ ಬೇರೆ ಅಲ್ವಾ? ಪುಟದಲ್ಲಿ "ಪರಿಗಣಿಸುತ್ತೇವೆ" ಅಂತ ಇದ್ದು ಐದು ವರ್ಷದಿಂದ ಒಬ್ಬರನ್ನೂ ತೆಗೆದುಕೊಂಡಿಲ್ಲ ಅಂತಾದರೆ ಅದು ನಿಮಗೆ ಗೊತ್ತಿರಬೇಕು.

ಪರೀಕ್ಷೆ, ಆಮೇಲೆ ನಾಲ್ಕು ಜಾಗ

ಎರಡು ಪರೀಕ್ಷೆಗಳಿವೆ. ಯುಕ್ಯಾಟ್ ಜುಲೈಯಿಂದ ಸೆಪ್ಟೆಂಬರ್ ಒಳಗೆ ಕಂಪ್ಯೂಟರಿನಲ್ಲಿ ಬರೆಯುವಂಥದ್ದು. ವರ್ಷಕ್ಕೆ ಒಂದೇ ಸಲ. 2025ರಿಂದ ಆಕೃತಿಗಳ ವಿಭಾಗ ತೆಗೆದಿದ್ದಾರೆ, ಹಾಗಾಗಿ ಒಟ್ಟು ಅಂಕ 2700ಕ್ಕೆ. ಹಳೆಯ ಪುಸ್ತಕದ 3600ರ ಲೆಕ್ಕ ಈಗ ನಡೆಯುವುದಿಲ್ಲ. ಗ್ಯಾಮ್‌ಸ್ಯಾಟ್ ಉದ್ದದ ಪರೀಕ್ಷೆ: ಓದಿ ಅರ್ಥ ಮಾಡಿಕೊಳ್ಳುವುದು, ಎರಡು ಪ್ರಬಂಧ, ಮತ್ತೆ ವಿಜ್ಞಾನ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ವಾರಿಕ್ ಯುಕ್ಯಾಟ್ ನೋಡುತ್ತದೆ. ಸ್ವಾನ್ಸಿ ಬಹಳ ವರ್ಷಗಳಿಂದ ಗ್ಯಾಮ್‌ಸ್ಯಾಟ್ ಮೂಲಕ ಆರಿಸಿಕೊಂಡು ಬಂದಿದೆ. ಯಾವ ಕಡೆ ಯಾವುದು ಅನ್ನುವುದು ಈಚೆಗೆ ಬದಲಾಗುತ್ತಿದೆ, ಆ ವರ್ಷದ ಪುಟವನ್ನೇ ನೋಡಿ.

ಕೊರತೆ ಇರುವವರಿಗೆ ಇಲ್ಲೊಂದು ಅನುಕೂಲ ಇದೆ. ಯುಕ್ಯಾಟ್ ಅಂಕ ಪರೀಕ್ಷೆ ಮುಗಿದ ಕೂಡಲೇ ಸಿಗುತ್ತದೆ. ಅಂದರೆ ಅರ್ಜಿ ಹಾಕುವ ಮೊದಲೇ ನಿಮ್ಮ ಕೈಯಲ್ಲಿ ಏನಿದೆ ಅಂತ ಗೊತ್ತಿರುತ್ತದೆ. ಸೆಪ್ಟೆಂಬರ್‌ನ ಗ್ಯಾಮ್‌ಸ್ಯಾಟ್ ಫಲಿತಾಂಶ ಬರುವುದು ಅರ್ಜಿಯ ಗಡುವು ಕಳೆದ ಮೇಲೆ. ಅದಕ್ಕೇ ಗ್ಯಾಮ್‌ಸ್ಯಾಟ್ ಬರೆಯುವವರಿಗೆ ನಾನು ಮಾರ್ಚ್ ಅಂತಲೇ ಹೇಳುವುದು.

ಅರ್ಜಿ ಯುಕಾಸ್ ಮೂಲಕ, ಅಂದರೆ ಎಲ್ಲ ಯೂನಿವರ್ಸಿಟಿಗಳಿಗೂ ಒಂದೇ ಕಡೆ ಅರ್ಜಿ ಹಾಕುವ ವ್ಯವಸ್ಥೆ. ಗಡುವು ಅಕ್ಟೋಬರ್ 15. ಮೆಡಿಸಿನ್‌ಗೆ ನಾಲ್ಕೇ ಆಯ್ಕೆ. ಈ ನಾಲ್ಕರಲ್ಲಿ ಒಂದನ್ನೂ "ನೋಡೋಣ, ಬಂದರೆ ಬರಲಿ" ಅಂತ ಹಾಕಬೇಡಿ. ನಿಮ್ಮ ಅರ್ಹತೆಗೆ ಇಮೇಲಿನಲ್ಲಿ ಹೌದು ಅಂದ ಕಡೆ, ನಿಮ್ಮ ಪರೀಕ್ಷೆಯ ಅಂಕ ಹಿಂದಿನ ವರ್ಷದ ಗೆರೆಗಿಂತ ಮೇಲಿರುವ ಕಡೆ ಮಾತ್ರ ಹಾಕಿ. ಐದು ವರ್ಷದ ಮಾಮೂಲಿ ಕೋರ್ಸನ್ನೂ ಸೇರಿಸಬಹುದು. ಆದರೆ ದುಡ್ಡಿನ ಲೆಕ್ಕ ಹಾಕಿ. ಇಂಗ್ಲೆಂಡಿನವರಿಗೆ ಎರಡನೇ ಡಿಗ್ರಿಯಾಗಿ ಅದನ್ನು ಮಾಡಿದರೆ 2025-26ರವರೆಗೆ ಬೋಧನಾ ಶುಲ್ಕಕ್ಕೆ ಸಾಲ ಸಿಗುತ್ತಿರಲಿಲ್ಲ. ಮೊದಲ ನಾಲ್ಕು ವರ್ಷ ಕೈಯಿಂದಲೇ ಕಟ್ಟಬೇಕಿತ್ತು. ಗ್ರಾಜುಯೇಟ್ ಎಂಟ್ರಿಯಲ್ಲಾದರೆ ಮೊದಲ ವರ್ಷ ಒಂದು ಪಾಲು (2025-26ರಲ್ಲಿ 3,465 ಪೌಂಡ್) ನೀವು ಕಟ್ಟಿ ಉಳಿದದ್ದಕ್ಕೆ ಸಾಲ ಪಡೆಯಬಹುದು. ಎರಡನೇ ವರ್ಷದಿಂದ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಒಂದು ಪಾಲು ಕೊಡುತ್ತದೆ.

ವಾರ್ಡಿನ ಕೆಲಸ

ಅಂಕದಲ್ಲಿ ಹಿಂದೆ ಬಿದ್ದವರು ಅರ್ಜಿಯ ತೂಕ ಹೆಚ್ಚಿಸಿಕೊಳ್ಳಬಹುದಾದ ಜಾಗ ಇದು. ವಾರಿಕ್ ಕನಿಷ್ಠ 70 ಗಂಟೆಯ ಅನುಭವ ಕೇಳುತ್ತಾ ಬಂದಿದೆ. ಡಾಕ್ಟರ ಹಿಂದೆ ನಿಂತು ನೋಡುವುದಕ್ಕಿಂತ ಹೆಲ್ತ್‌ಕೇರ್ ಅಸಿಸ್ಟೆಂಟ್, ಅಂದರೆ ವಾರ್ಡಿನಲ್ಲಿ ನರ್ಸುಗಳ ಸಹಾಯಕ, ಆಗಿ ಕೈಯಾರೆ ಮಾಡುವ ಕೆಲಸ ನೂರು ಪಾಲು ಮೇಲು. ಸಂಬಳವೂ ಬರುತ್ತದೆ.

ನಾನು ಲಕ್ವ ಹೊಡೆದವರ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಅಲ್ಲೊಬ್ಬರು ಅಜ್ಜ. ನುಂಗಲು ಕಷ್ಟ, ಹಾಗಾಗಿ ಚಹಾಕ್ಕೂ ಪುಡಿ ಹಾಕಿ ಗಂಜಿಯಷ್ಟು ಗಟ್ಟಿ ಮಾಡಿ ಚಮಚದಲ್ಲಿ ಕೊಡಬೇಕು. ಎರಡು ರಾತ್ರಿ ಅವರು ಬಾಯಿ ತೆರೆಯಲಿಲ್ಲ. ಮೂರನೇ ರಾತ್ರಿ ಚಮಚವನ್ನು ಅವರ ಸರಿಯಿದ್ದ ಕೈಗೇ ಕೊಟ್ಟು, ಆ ಕೈ ಕೆಳಗೆ ನನ್ನ ಕೈ ಇಟ್ಟೆ. ಅರ್ಧ ಕಪ್ ಕುಡಿದರು. ಇಂಟರ್‌ವ್ಯೂನಲ್ಲಿ ನಾನು ಹೇಳಿದ್ದು ಇದೊಂದನ್ನೇ. ಆಮೇಲೆ ಡಿಗ್ರಿ ಅಂಕದ ಬಗ್ಗೆ ಯಾರೂ ಕೇಳಲಿಲ್ಲ. ಪ್ರತಿ ಪಾಳಿ ಮುಗಿದ ಮೇಲೆ ಹೀಗೆ ನಾಲ್ಕು ಸಾಲು ಬರೆದಿಡಿ, ಹೆಸರು ಮಾತ್ರ ಬರೆಯಬೇಡಿ.

ಕಾರಣ ಎಲ್ಲಿ ಹೇಳಬೇಕು?

2026ರ ಪ್ರವೇಶದಿಂದ ಯುಕಾಸ್‌ನ ಸ್ವಪರಿಚಯದಲ್ಲಿ ಮೂರು ಪ್ರಶ್ನೆಗಳಿವೆ, ಖಾಲಿ ಜಾಗವೂ ಸೇರಿ ಒಟ್ಟು 4,000 ಅಕ್ಷರ. ಕಡಿಮೆ ಅಂಕಕ್ಕೆ ವಿವರಣೆ ಕೊಡುತ್ತಾ ಅದನ್ನು ಖರ್ಚು ಮಾಡಬೇಡಿ. ಕಾಯಿಲೆ, ಮನೆಯಲ್ಲಿ ಸಾವು ಇಂಥವು ಓದಿಗೆ ಅಡ್ಡ ಬಂದಿದ್ದರೆ ಅದನ್ನು ರೆಫರೆನ್ಸ್ ಬರೆಯುವ ಅಧ್ಯಾಪಕರು ಹೇಳಲಿ. ಹಲವು ಯೂನಿವರ್ಸಿಟಿಗಳಲ್ಲಿ ಇದಕ್ಕೆಂದೇ ಬೇರೆ ಫಾರಂ, ಬೇರೆ ಗಡುವು ಇರುತ್ತದೆ. ಡಾಕ್ಟರ ಪತ್ರ ಜೊತೆಗಿಡಿ. ಅಧ್ಯಾಪಕರನ್ನು ಆಗಸ್ಟಿನಲ್ಲೇ ಕಂಡು ಮಾತಾಡಿ. ಅಕ್ಟೋಬರ್ 10ಕ್ಕೆ ಹೋಗಿ ಕೇಳಿದರೆ ಅವರಾದರೂ ಏನು ಬರೆದಾರು?

ಊರಿಗೆ ಮರಳುವ ಯೋಚನೆ ಇದ್ದರೆ

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಇದನ್ನು ಎರಡು ಸಲ ಓದಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ವಿದೇಶದ ಮೆಡಿಕಲ್ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು. ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಬೇಕು. ಹೊರಡುವ ಮೊದಲು ನೀಟ್ ಪಾಸಾಗಿರಬೇಕು. ಗ್ರಾಜುಯೇಟ್ ಎಂಟ್ರಿಯ ನಾಲ್ಕು ವರ್ಷ ಅಂದರೆ 48 ತಿಂಗಳು. ಮುಂದೆ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಕ್ಲಿನಿಕ್ ತೆರೆಯುವ ಆಸೆ ಇದ್ದರೆ ಈ ಕೋರ್ಸಿಗೆ ಸೇರುವ ಮೊದಲೇ ಆಯೋಗಕ್ಕೆ ಬರೆದು ಕೇಳಿ. ಸೇರಿದ ಮೇಲೆ ಇದನ್ನು ಸರಿಪಡಿಸಲು ಆಗುವುದಿಲ್ಲ.

ಇಲ್ಲ ಅಂದರೆ

ಎಲ್ಲಿ ಬಿದ್ದಿರಿ ಅಂತ ಕೇಳಿ ತಿಳಿದುಕೊಳ್ಳಿ. ಕನಿಷ್ಠ ಅರ್ಹತೆಯಲ್ಲಾ, ಪರೀಕ್ಷೆಯ ಅಂಕದಲ್ಲಾ, ಇಂಟರ್‌ವ್ಯೂನಲ್ಲಾ? ಮೊದಲನೆಯದಾದರೆ ಯೂನಿವರ್ಸಿಟಿ ಬದಲಿಸಿ. ಎರಡನೆಯದಾದರೆ ಯುಕ್ಯಾಟ್ ಹೇಗೂ ಮತ್ತೆ ಬರೆಯಲೇಬೇಕು, ಆ ಅಂಕ ಒಂದು ವರ್ಷಕ್ಕೆ ಮಾತ್ರ. ಗ್ಯಾಮ್‌ಸ್ಯಾಟ್ ಅಂಕ ಮುಂದಿನ ವರ್ಷಕ್ಕೂ ಬರುತ್ತದೆ. ಮೂರನೆಯದಾದರೆ ಅರ್ಜಿ ಸರಿಯಾಗಿಯೇ ಇತ್ತು, ಮಾತಾಡುವುದನ್ನು ಅಭ್ಯಾಸ ಮಾಡಿ. ವಾರ್ಡಿನ ಕೆಲಸ ಮಾತ್ರ ಬಿಡಬೇಡಿ. ಮೊದಲು ಬರೆದ ಆ ಹಾಳೆಯನ್ನು ತೆಗೆದು, ತುಂಬಿದ ಗುರುತುಗಳನ್ನು ಹೊಡೆದು ಹಾಕಿ, ಉಳಿದದ್ದರಿಂದ ಮತ್ತೆ ಶುರು ಮಾಡಿ.