ಕಂಪ್ಯೂಟರಿಗೆ ನೀರು ಕಟ್ಟೋದು ಹೇಗೆ, ಅದೂ ಈಗಿನ ಕಾಲದಲ್ಲಿ

ಮೊದಲೇ ಹೇಳ್ಬಿಡ್ತೀನಿ, ಇದನ್ನ ಓದ್ತಿರೋರಲ್ಲಿ ಹೆಚ್ಚಿನವರಿಗೆ ವಾಟರ್ ಕೂಲಿಂಗ್, ಅಂದ್ರೆ ಕಂಪ್ಯೂಟರಿನ ಬಿಸಿ ಚಿಪ್‌ಗಳನ್ನ ಪೈಪಲ್ಲಿ ನೀರು ಹರಿಸಿ ತಣ್ಣಗಿಡೋದು, ಬೇಕಾಗೇ ಇಲ್ಲ. ಹದಿನೈದು ವರ್ಷದಿಂದ ಮನೇಲಿ ಇದೇ ಗೀಳು ಹಿಡಿಸ್ಕೊಂಡಿರೋ ನಾನೇ ಹೇಳ್ತಿದೀನಿ ಅಂದ್ರೆ ನಂಬಬಹುದು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಮೊನ್ನೆ ಒಂದು ಅಂಗಡೀಲಿ ಈ ಪೈಪು ಸಿಕ್ಕಿಸೋ ಜಿ ಕಾಲು ಇಂಚಿನ ಫಿಟ್ಟಿಂಗ್ ಇದ್ಯಾ ಅಂತ ಕೇಳ್ದೆ, ಹುಡುಗ "ಪ್ಲಂಬಿಂಗ್ ಸಾಮಾನು ಮುಂದಿನ ಕ್ರಾಸಲ್ಲಿ ಸಾರ್" ಅಂದ. ತಮಾಷೆಗಲ್ಲ, ನಿಜವಾಗ್ಲೂ ದಾರಿ ತೋರಿಸ್ತಿದ್ದ ಪಾಪ.

ಈ ಹವ್ಯಾಸ ಬೆಳೆದಿದ್ದು ದುಡ್ಡು ಉಳಿಸೋ ಆಸೆಯಿಂದ. 1998ರಲ್ಲಿ ಇಂಟೆಲ್ ಸೆಲೆರಾನ್ 300ಎ ಅಂತ ಒಂದು ಅಗ್ಗದ ಚಿಪ್ ಬಿಡ್ತು, 300 ಮೆಗಾಹರ್ಟ್ಸ್ ಅಂತ ಬರ್ದಿದ್ರೂ 450ರಲ್ಲಿ ಓಡಿಸ್ಬಹುದಿತ್ತು, ಅಂದ್ರೆ ಅರ್ಧದಷ್ಟು ಸ್ಪೀಡು ಪುಕ್ಕಟೆ. ಚಿಪ್ ತಣ್ಣಗಿದ್ದಷ್ಟೂ ಇನ್ನೂ ಎಳೀಬಹುದು ಅಂತ ಅಮೆರಿಕದ ಹುಡುಗ್ರು 1977ರ ಪಾಂಟಿಯಾಕ್ ಬಾನ್‌ವಿಲ್ ಕಾರಿನೊಳಗೆ ಬಿಸಿಗಾಳಿ ಕೊಡೋ ಹೀಟರ್ ಕೋರ್ ತಂದು ರೇಡಿಯೇಟರ್ ಮಾಡ್ಕೊಂಡ್ರು, ಜರ್ಮನಿಯ ಐಹೈಮ್ ಕಂಪನಿಯ ಮೀನಿನ ತೊಟ್ಟಿ ಪಂಪು ಸಿಕ್ಕಿಸಿದ್ರು, ತಾಮ್ರದ ಗಟ್ಟಿಗೆ ನೀರು ಹರಿಯೋಕೆ ಡ್ರಿಲ್ ಹೊಡೆದು, ಚಿಪ್ ಮೇಲೆ ಕೂರಿಸಿ ಬ್ಲಾಕ್ ಅಂದ್ರು. ನಾನೂ ಅದನ್ನೇ ಕಾಪಿ ಹೊಡ್ದೆ. ಜೆಸಿ ರೋಡಲ್ಲಿ ಹಳೆ ಕಾರಿನ ಹಿತ್ತಾಳೆ ಹೀಟರ್ ಕೋರ್, ಶಿವಾಜಿನಗರದಲ್ಲಿ ಮೀನಿನ ಪಂಪು, ಒಳಗೆ ತುಂಬಿದ್ದು ಮನೆ ನಲ್ಲಿ ನೀರು. ಒಂದೂವರೆ ತಿಂಗಳಿಗೆ ಪೈಪೆಲ್ಲ ಪಾಚಿ. ಅಮ್ಮ ಬಗ್ಗಿ ನೋಡಿ "ಸಂಪ್ ತೊಳೆಯೋಕೆ ಬರೋನಿಗೇ ಇದನ್ನೂ ಹೇಳ್ಲಾ" ಅಂದ್ರು.

ಆ ಕಾಲ ಹೋಯ್ತು. ಈಗ ಚಿಪ್‌ಗಳು ತಾವೇ ತಮ್ಮನ್ನ ಕೊನೇ ತನಕ ಎಳ್ಕೊಂಡು ಓಡ್ತವೆ, ನಾವು ಕೈ ಹಾಕಿ ಗಳಿಸೋಕೆ ಏನೂ ಉಳಿದಿಲ್ಲ. ಗೇಮ್ ಆಡೋರ ಅಚ್ಚುಮೆಚ್ಚಿನ ಸಿಪಿಯು ರೈಜೆನ್ 7 7800ಎಕ್ಸ್3ಡಿ ಆಟ ನಡೀವಾಗ 100 ವ್ಯಾಟ್ ಕೂಡ ತಿನ್ನಲ್ಲ, ಅದಕ್ಕೆ ಐದು ಸಾವಿರದೊಳಗೆ ಸಿಗೋ ಎರಡು ಟವರಿನ ಏರ್ ಕೂಲರ್, ಅಂದ್ರೆ ಚಿಪ್ ಮೇಲೆ ಕೂರೋ ಫ್ಯಾನ್ ಕೂಲರ್, ಧಾರಾಳ ಸಾಕು. ನೀರೇ ಬೇಕು ಅಂದ್ರೆ ಫ್ಯಾಕ್ಟರೀಲೇ ಸೀಲ್ ಮಾಡಿ ಬರೋ ಎಐಒ ಇದೆ. 2009ರಲ್ಲಿ ಕೋರ್ಸೇರ್ ಎಚ್50 ಬಂತಲ್ಲ, ಡೆನ್ಮಾರ್ಕಿನ ಅಸೆಟೆಕ್ ಮಾಡಿಕೊಟ್ಟಿದ್ದು, ನಾಲ್ಕು ಸ್ಕ್ರೂ ಹಾಕಿದ್ರೆ ಮುಗೀತು. ನಮ್ಮ ಹವ್ಯಾಸದ ಬುಡಕ್ಕೆ ಮೊದಲ ಪೆಟ್ಟು ಬಿದ್ದಿದ್ದೇ ಅದರಿಂದ ಅಂತ ನನ್ನ ಲೆಕ್ಕ.

ಹಾಗಾದ್ರೆ ಈಗ ಯಾರಿಗೆ? ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಟ್ಕೊಂಡೋರಿಗೆ. 2016ರ ಜಿಟಿಎಕ್ಸ್ 1080 ಎಳೀತಿದ್ದಿದ್ದು 180 ವ್ಯಾಟ್, 2022ರ ಆರ್‌ಟಿಎಕ್ಸ್ 4090 450, 2025ರ 5090 ಬರೋಬ್ಬರಿ 575. ಅದನ್ನ ಫ್ಯಾನಲ್ಲೇ ತಣ್ಣಗಿಡಬಹುದು, ಆದ್ರೆ ರೂಮಲ್ಲಿ ಕೂತು ಕೆಲಸ ಮಾಡೋರಿಗೆ ಆ ಸದ್ದು ತಲೆಗೇರುತ್ತೆ. ಸದ್ದು ಬೇಡ ಅನ್ನೋರು ಮತ್ತೆ ಕೈಕೆಲಸದ ಹುಚ್ಚಿರೋರು ಮುಂದೆ ಓದಿ, ಬೇರೆಯವ್ರು ಆ ದುಡ್ಡಲ್ಲಿ ಒಳ್ಳೆ ಮಾನಿಟರ್ ತಗೊಳ್ಳಿ.

ಹೆಜ್ಜೆ 1: ಬ್ಲಾಕ್ ಸಿಗುತ್ತಾ ನೋಡಿ, ಆಮೇಲೆ ಕನಸು ಕಾಣಿ

ಇದನ್ನ ಮೊದಲು ಹೇಳೋಕೆ ಕಾರಣ ಇದೆ. ಕಾರ್ಡಿನ ಹೆಸರು ಒಂದೇ ಆದ್ರೂ ಕಂಪನಿ ಬೇರೆ ಆದ್ರೆ ಒಳಗಿನ ಬೋರ್ಡು ಬೇರೆ, ಸ್ಕ್ರೂ ತೂತು ಬೇರೆ, ಹಾಗಾಗಿ ನಿಮ್ಮ ಕಾರ್ಡಿನ ಪೂರ್ತಿ ಮಾಡೆಲ್ ನಂಬರ್ ಹಿಡ್ಕೊಂಡು ಬ್ಲಾಕ್ ಮಾಡೋರ ಪಟ್ಟಿ ತಿರುಗಿಸ್ಬೇಕು. ಮುಂಚೆ ಯೋಚನೆ ಮಾಡ್ದೆ ಇಕೆ ಅಂತಿದ್ವಿ, ಸ್ಲೊವೇನಿಯಾದ ಕಂಪನಿ, ಎಲ್ಲ ಕಾರ್ಡಿಗೂ ಅವರದ್ದೊಂದು ಬ್ಲಾಕ್ ಇರ್ತಿತ್ತು. 2024ರಲ್ಲಿ ಅವ್ರು ನೌಕರರಿಗೆ, ಸಪ್ಲೈಯರ್‌ಗಳಿಗೆ ಬಾಕಿ ಉಳಿಸ್ಕೊಂಡಿರೋ ಸುದ್ದಿ ಹೊರಗೆ ಬಂದು ಇಡೀ ಹವ್ಯಾಸಕ್ಕೇ ಶಾಕ್ ಹೊಡೀತು. ಬ್ಲಾಕ್ ಮಾಡೋದ್ರಲ್ಲಿ ಹಳೇ ಹುಲಿ ಡೇಂಜರ್ ಡೆನ್ ಕಂಪನಿ ಯಾವಾಗ್ಲೋ ಬಾಗಿಲು ಹಾಕಿತ್ತು. ಈಗ ಆಲ್ಫಾಕೂಲ್, ವಾಟರ್‌ಕೂಲ್, ಆಕ್ವಾ ಕಂಪ್ಯೂಟರ್ ಅಂತ ಜರ್ಮನಿಯವ್ರು, ಬೈಕ್ಸ್ಕಿ, ಬ್ಯಾರೋ ಅಂತ ಚೀನಾದವ್ರು, ಹೆಚ್ಚುಕಮ್ಮಿ ಇವರೇ ಗತಿ. ನಮ್ಮಲ್ಲಿಗೆ ತರಿಸೋಕೆ ಕಸ್ಟಮ್ಸ್ ಬೇರೆ ಸೇರ್ಕೊಳ್ಳುತ್ತೆ, ನನ್ನ ಕಳೆದ ಲೂಪಿನ (ಪಂಪು, ಪೈಪು, ಬ್ಲಾಕು, ರೇಡಿಯೇಟರ್ ಸೇರಿದ ನೀರಿನ ಸುತ್ತು) ಬಿಲ್ಲು ಎಪ್ಪತ್ತು ಸಾವಿರ ದಾಟ್ತು, ಮನೇಲಿ ಅರ್ಧ ಹೇಳಿದೀನಿ.

ಕಾರ್ಡ್ ಬಿಚ್ಚಿದ್ರೆ ವಾರಂಟಿ ಗತಿ ಏನು ಅಂತ ಅಂಗಡಿಯವ್ರ ಹತ್ರ ಬಾಯಲ್ಲಲ್ಲ, ಇಮೇಲಲ್ಲಿ ಬರೆಸ್ಕೊಳ್ಳಿ.

ಹೆಜ್ಜೆ 2: ರೇಡಿಯೇಟರ್ ಲೆಕ್ಕ

ಇಲ್ಲಿ ಎಲ್ಲರೂ ಎಡವೋದು. ನೀರು ಶಾಖವನ್ನ ಮಾಯ ಮಾಡಲ್ಲ, ಹೊತ್ಕೊಂಡು ಹೋಗುತ್ತೆ ಅಷ್ಟೆ, ಹೊರಗೆ ಹಾಕೋದು ರೇಡಿಯೇಟರ್. ನಿಮಿಷಕ್ಕೆ 1 ಲೀಟರ್ ಹರಿಯೋ ನೀರು 1 ಡಿಗ್ರಿ ಬಿಸಿ ಆಗೋಕೆ ಸುಮಾರು 70 ವ್ಯಾಟ್ ಬೇಕು. ನಿಮ್ಮ ಪಂಪು ನಿಮಿಷಕ್ಕೆ 3 ಲೀಟರ್ ತಳ್ಳಿದ್ರೆ 210 ವ್ಯಾಟಿಗೆ 1 ಡಿಗ್ರಿ. 5090 ಮತ್ತೆ ಸಿಪಿಯು ಸೇರಿ 675 ವ್ಯಾಟ್ ಅಂದ್ಕೊಳ್ಳಿ, ಇಡೀ ಲೂಪಲ್ಲಿ ಅತೀ ತಣ್ಣಗಿನ ಜಾಗಕ್ಕೂ ಅತೀ ಬಿಸಿ ಜಾಗಕ್ಕೂ ಬರೀ ಮೂರು ಚಿಲ್ಲರೆ ಡಿಗ್ರಿ ವ್ಯತ್ಯಾಸ. ಹಾಗಾಗಿ "ಮೊದಲು ಸಿಪಿಯುಗೆ ಹೋಗ್ಬೇಕಾ, ಕಾರ್ಡಿಗಾ" ಅಂತ ರಾತ್ರಿ ಇಡೀ ಜಗಳ ಆಡೋದು ವೇಸ್ಟು, ಪೈಪು ಎಲ್ಲಿಂದ ನೀಟಾಗಿ ಹೋಗುತ್ತೋ ಅದೇ ಸರಿಯಾದ ದಾರಿ.

ರೇಡಿಯೇಟರಲ್ಲಿ 120 ಮಿ.ಮೀ. ಫ್ಯಾನ್ ಕೂರೋ ಒಂದೊಂದು ಜಾಗಕ್ಕೆ ಸುಮಾರು 100 ವ್ಯಾಟ್ ಅಂತ ಹಿಡೀರಿ, ಫ್ಯಾನ್ ನಿಧಾನಕ್ಕೆ ತಿರುಗಿದ್ರೆ ನೀರು ರೂಮಿಗಿಂತ ಹತ್ತು ಡಿಗ್ರಿ ಆಸುಪಾಸು ಮೇಲಿರುತ್ತೆ. 675 ವ್ಯಾಟಿಗೆ ಆರೇಳು ಜಾಗ, ಅಂದ್ರೆ ಮೂರು ಫ್ಯಾನ್ ಕೂರೋ 360 ಸೈಜಿನವು ಎರಡು. ರೂಮಿಗಿಂತ ಅನ್ನೋ ಮಾತು ಗಮನ ಇರ್ಲಿ, ಎಷ್ಟೇ ದುಡ್ಡು ಸುರಿದ್ರೂ ನೀರು ರೂಮಿನ ಗಾಳಿಗಿಂತ ತಣ್ಣಗಾಗಲ್ಲ. ಬೆಂಗಳೂರಲ್ಲಿ ಏಪ್ರಿಲಲ್ಲಿ 35 ಇದ್ರೆ ನೀರು 45, ನಡೆಯುತ್ತೆ. ಕಲಬುರಗಿಯಲ್ಲೋ ರಾಯಚೂರಲ್ಲೋ ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ದೆ 42ರಲ್ಲಿ ಕೂತ್ರೆ ನೀರು 52 ಮುಟ್ಟುತ್ತೆ, ಮುಂದೆ ನಾನು ಹೇಳೋ ಡಿ5 ಅನ್ನೋ ಪಂಪಿನ ಮಿತಿ 60. ಅಲ್ಲಿಯವ್ರು ಒಂದು ರೇಡಿಯೇಟರ್ ಜಾಸ್ತಿ ಹಾಕಿ, ಇಲ್ಲ ಸಂಜೆ ಆಡಿ.

ಹೆಜ್ಜೆ 3: ಸಾಮಾನು

ಒಂದೇ ಒಂದು ನಿಯಮ ಬಾಯಿಪಾಠ ಮಾಡ್ಕೊಳ್ಳಿ: ಲೂಪಲ್ಲಿ ತಾಮ್ರ, ಹಿತ್ತಾಳೆ, ನಿಕಲ್ ಇರ್ಲಿ, ಅಲ್ಯೂಮಿನಿಯಂ ಮಾತ್ರ ಬರಬಾರ್ದು. ತಾಮ್ರ ಅಲ್ಯೂಮಿನಿಯಂ ಒಂದೇ ನೀರಲ್ಲಿದ್ರೆ ಅದೊಂದು ಬ್ಯಾಟರಿ ಆಗುತ್ತೆ, ಅಲ್ಯೂಮಿನಿಯಂ ಕರಗಿ ಕೆಸರಾಗಿ ಬ್ಲಾಕಿನ ಕೂದಲೆಳೆ ಸಂದಿಗಳಲ್ಲಿ ಕೂರುತ್ತೆ. ಅಗ್ಗಕ್ಕೆ ಸಿಗೋ ರೇಡಿಯೇಟರ್ ಯಾವ ಲೋಹ ಅಂತ ಹಾಕಿಲ್ಲ ಅಂದ್ರೆ ಕೈ ಮುಗಿದು ಮುಂದೆ ಹೋಗಿ.

ಪಂಪಿಗೆ ಡಿ5 ತಗೊಳ್ಳಿ, ಬೇರೆ ಯೋಚನೆ ಬೇಡ. ಬಿಸಿನೀರು ತಿರುಗಿಸೋಕೆ ಅಂತ ಲೈಂಗ್ ಕಂಪನಿ ಮಾಡಿದ ಪಂಪುಗಳ ಕುಟುಂಬದ್ದು ಅದು, ವರ್ಷಗಟ್ಟಲೆ ಓಡುತ್ತೆ. ನನ್ನದೊಂದು ಮೂರು ಕೇಸು ಬದಲಾಯಿಸ್ತು, ಪಂಪು ಅದೇ.

ಟ್ಯೂಬಿಗೆ ಬಂದ್ರೆ, ಫೋಟೋದಲ್ಲಿ ಕಾಣೋ ಗಾಜಿನಂಥ ಹಾರ್ಡ್ ಟ್ಯೂಬ್ ಮೊದಲ ಸಲವೇ ಬೇಡ್ವೇ ಬೇಡ. ಹೀಟ್ ಗನ್ನಲ್ಲಿ ಬಗ್ಗಿಸ್ಬೇಕು, ಎರಡು ಮಿ.ಮೀ. ತಪ್ಪಿದ್ರೆ ಮತ್ತೆ ಹೊಸ ಟ್ಯೂಬ್, ಅದ್ರಲ್ಲೂ ಪಿಇಟಿಜಿ ಅನ್ನೋ ಪ್ಲಾಸ್ಟಿಕ್ ನೀರು ತುಂಬಾ ಬಿಸಿ ಆದ್ರೆ ಮೆತ್ತಗಾಗಿ ಫಿಟ್ಟಿಂಗಿಂದ ಜಾರುತ್ತೆ. ಕರೀ ಇಪಿಡಿಎಂ ರಬ್ಬರ್ ಟ್ಯೂಬ್ ತಗೊಳ್ಳಿ, ಒಳಗೆ 10 ಹೊರಗೆ 16 ಮಿ.ಮೀ. ಇರೋದು. ನೋಡೋಕೆ ಗ್ಯಾಸ್ ಪೈಪ್ ಥರ ಇದೆ ಅಂತಾರೆ, ಅನ್ಲಿ ಬಿಡಿ. ಪಾರದರ್ಶಕ ಪಿವಿಸಿ ವರ್ಷದೊಳಗೆ ಮಬ್ಬಾಗುತ್ತೆ, ಅದರಿಂದ ಬಿಟ್ಟ ಅಂಟೆಲ್ಲ ಬ್ಲಾಕಿಗೆ ಹೋಗುತ್ತೆ, ಇದಕ್ಕೆ ಆ ರಗಳೆ ಇಲ್ಲ.

ಹೆಜ್ಜೆ 4: ತೊಳೀರಿ

ಹೊಸ ರೇಡಿಯೇಟರ್ ಒಳಗೆ ಬೆಸುಗೆ ಹಾಕುವಾಗ ಬಳಸಿದ ಫ್ಲಕ್ಸ್ ಅನ್ನೋ ಅಂಟು ಉಳಿದಿರುತ್ತೆ. ಬಿಸಿ ಮಾಡಿದ ಡಿಸ್ಟಿಲ್ಡ್ ನೀರು ಅರ್ಧ ತುಂಬಿ, ಬಾಯಿಗೆ ಪ್ಲಗ್ ಹಾಕಿ, ಮಗು ತೂಗೋ ಥರ ಅಲ್ಲ, ಮಜ್ಜಿಗೆ ಬಾಟ್ಲಿ ಕುಲುಕೋ ಥರ ಕುಲುಕಿ ಬಿಳೀ ಬಟ್ಟಲಿಗೆ ಸುರೀರಿ. ಮೊದಲ ಸಲ ಕರಿ ಕಣ, ಪದರ ಪದರ ಏನೋ ಬರುತ್ತೆ. ಬಟ್ಟಲ ತಳ ಕಾಣೋ ತನಕ ಮಾಡಿ, ನನಗೆ ಒಂದು ಸಲ ಎಂಟು ಸುತ್ತು ಆಯ್ತು.

ಹೆಜ್ಜೆ 5: ಜೋಡಣೆ

ಕಾರ್ಡಿನ ಹಳೆ ಕೂಲರ್ ಬಿಚ್ಚೋವಾಗ ಫ್ಯಾನಿನ ವೈರು ಬೋರ್ಡಿಗೆ ಅಂಟ್ಕೊಂಡೇ ಇರುತ್ತೆ, ಜೋರಾಗಿ ಎಳೆದ್ರೆ ಕನೆಕ್ಟರ್ ಸಮೇತ ಬರುತ್ತೆ, ಜೋಪಾನ. ಶಾಖ ದಾಟಿಸೋ ಮೆತ್ತನೆ ಥರ್ಮಲ್ ಪ್ಯಾಡ್ ಎಷ್ಟು ದಪ್ಪ ಅಂತ ಬ್ಲಾಕಿನ ಹಾಳೇಲಿ ಇರೋ ಹಾಗೇ ಹಾಕಿ, ಅರ್ಧ ಮಿ.ಮೀ. ದಪ್ಪ ಆದ್ರೂ ಚಿಪ್ಪಿಗೂ ಬ್ಲಾಕಿಗೂ ಮಧ್ಯೆ ಸಂದಿ ಉಳಿಯುತ್ತೆ. ಸ್ಕ್ರೂ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗೀರಿ. ನೀರಿನ ಡಬ್ಬಿ ಪಂಪಿಗಿಂತ ಮೇಲೆ ಇರ್ಬೇಕು, ಪಂಪು ಯಾವತ್ತೂ ಒಣಗಿಕೊಂಡು ಓಡಬಾರ್ದು. ಅತೀ ಕೆಳಗಿನ ಜಾಗದಲ್ಲಿ ಒಂದು ಡ್ರೇನ್ ವಾಲ್ವ್ ಹಾಕಿ, ಇದನ್ನ ಬಿಟ್ಟೋರೆಲ್ಲ ಒಂದು ವರ್ಷ ಆದ್ಮೇಲೆ ನನ್ನ ನೆನೆಸ್ಕೊಳ್ತಾರೆ.

ಹೆಜ್ಜೆ 6: ಗಾಳಿ ಪರೀಕ್ಷೆ

ಈ ಹವ್ಯಾಸದಲ್ಲಿ ನಿಜವಾಗ್ಲೂ ಸುಧಾರಿಸಿರೋದು ಅಂದ್ರೆ ಇದೊಂದೇ ಅನ್ಸುತ್ತೆ. ಮುಂಚೆ ನೀರು ತುಂಬಿ ಟಿಶ್ಯೂ ಹಾಸಿ ರಾತ್ರಿ ಇಡೀ ದೇವ್ರೇ ದೇವ್ರೇ ಅಂತ ಕೂರ್ತಿದ್ವಿ. ಈಗ ಗೇಜ್ ಇರೋ ಪುಟ್ಟ ಕೈಪಂಪು ಬರುತ್ತೆ, ಖಾಲಿ ಲೂಪಿಗೆ 0.5 ಬಾರ್ ಗಾಳಿ ಹೊಡ್ದು ಅರ್ಧ ಗಂಟೆ ಬಿಡಿ. ಮುಳ್ಳು ಅಲ್ಲಾಡಿಲ್ಲ ಅಂದ್ರೆ ಪಾಸು. ಇಳೀತಿದ್ರೆ ಒಂದೊಂದೇ ಫಿಟ್ಟಿಂಗ್ ಬಿಚ್ಚಿ ನೋಡಿ, ಹತ್ತಕ್ಕೆ ಒಂಬತ್ತು ಸಲ ಓ-ರಿಂಗ್ ಅನ್ನೋ ರಬ್ಬರ್ ಬಳೆ ಸೊಟ್ಟ ಕೂತಿರುತ್ತೆ ಇಲ್ಲ ಟ್ಯೂಬ್ ಓರೆ ಕತ್ತರಿಸಿರ್ತೀರಿ. ಜಾಸ್ತಿ ಜೋರಾಗಿ ಹೊಡೀಬೇಡಿ, ಅಕ್ರಿಲಿಕ್ ಡಬ್ಬಿ ಬಿರುಕು ಬಿಡುತ್ತೆ.

ನಾನು ಒಂದು ಸಲ ಸೋಮಾರಿತನಕ್ಕೆ ಇದನ್ನ ಬಿಟ್ಟೆ. ಒಂದೇ ಒಂದು ಹನಿ, ಕಾರ್ಡಿನ ಬೆನ್ನ ಮೇಲೆ, ನಾಲ್ಕು ದಿನ ಆದ್ಮೇಲೆ. ಸುಟ್ಟ ವಾಸನೆ ಇಲ್ಲ, ಹೊಗೆ ಇಲ್ಲ, ಸ್ಕ್ರೀನು ಕಪ್ಪಾಯ್ತು ಅಷ್ಟೆ. ಬಿಚ್ಚಿ ನೋಡಿದ್ರೆ ಒಂದು ಚಿಪ್ಪಿನ ಎರಡು ಲೋಹದ ಕಾಲಿನ ಮಧ್ಯೆ ಸಾಸಿವೆ ಕಾಳಷ್ಟು ಹಸಿರು ಕಿಲುಬು.

ಹೆಜ್ಜೆ 7: ನೀರು

ಬೋರ್ ನೀರು ಬೇಡ, ಕಾವೇರಿ ನೀರೂ ಬೇಡ, ಮನೆ ಆರ್‌ಓ ನೀರೂ ಬೇಡ, ಅದ್ರಲ್ಲೂ ಲವಣ ಉಳಿದಿರುತ್ತೆ. ಡಿಸ್ಟಿಲ್ಡ್ ನೀರಿಗೆ ತುಕ್ಕು ಮತ್ತೆ ಪಾಚಿ ತಡೆಯೋ ಕಾನ್ಸಂಟ್ರೇಟ್ ಬೆರೆಸಿ, ಅಥವಾ ಇದೆಲ್ಲ ಬೆರೆಸಿಯೇ ಬರೋ ರೆಡಿ ಕೂಲಂಟ್ ಹಾಕಿ. ಹಾಲಿನ ಥರ ಬಿಳಿ, ಗುಲಾಬಿ ಬಣ್ಣದ್ದೆಲ್ಲ ಪ್ರದರ್ಶನಕ್ಕೆ ಸರಿ, ದಿನಾ ಬಳಸೋ ಮಿಷಿನ್ನಿಗೆ ಹಾಕಿದ್ರೆ ಬಣ್ಣದ ಪುಡಿ ತಳ ಹಿಡಿಯುತ್ತೆ.

ತುಂಬೋವಾಗ ಮದರ್‌ಬೋರ್ಡಿಗೆ, ಕಾರ್ಡಿಗೆ ಕರೆಂಟ್ ಕೊಡೋ ವೈರೆಲ್ಲ ಕಿತ್ತಿಡಿ, ಪಂಪಿಗೆ ಮಾತ್ರ ಇರ್ಲಿ. ಪವರ್ ಸಪ್ಲೈನ 24 ಪಿನ್ ಪ್ಲಗಲ್ಲಿ ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪು ವೈರಿನ ತೂತಿಗೂ ಒಂದು ಜಂಪರ್ ಸಿಕ್ಕಿಸಿದ್ರೆ ಅದು ಆನ್ ಆಗುತ್ತೆ. ಈಗಿನವುಗಳಲ್ಲಿ ಎಲ್ಲ ವೈರೂ ಕಪ್ಪೇ ಇರುತ್ತೆ, ಹಾಗಾಗಿ ಕ್ಲಿಪ್ ಇರೋ ಕಡೆಯ ಸಾಲಲ್ಲಿ ಎಡದಿಂದ ನಾಲ್ಕನೇದು ಅಂತೆಲ್ಲ ಎಣಿಸ್ಕೊಂಡು ಒದ್ದಾಡೋ ಬದ್ಲು ರೆಡಿ ಜಂಪರ್ ಪ್ಲಗ್ಗೇ ತಗೊಳ್ಳಿ, ಅಗ್ಗ. ಡಬ್ಬಿ ತುಂಬಿ, ಎರಡು ಸೆಕೆಂಡ್ ಆನ್, ನೀರು ಇಳೀತಿದ್ದ ಹಾಗೆ ಆಫ್, ಮತ್ತೆ ತುಂಬಿ. ಹೀಗೇ ಹತ್ತು ಹನ್ನೆರಡು ಸಲ. ಗುಳುಗುಳು ಸದ್ದು ನಿಲ್ಲೋ ತನಕ ಕೇಸನ್ನ ಆ ಕಡೆ ಈ ಕಡೆ ವಾಲಿಸ್ತಾ ಇರಿ, ಗಾಳಿ ಗುಳ್ಳೆ ಹೊರಗೆ ಬರುತ್ತೆ, ಪೂರ್ತಿ ಹೋಗೋಕೆ ಒಂದು ವಾರ ಹಿಡಿಯುತ್ತೆ.

ಹೆಜ್ಜೆ 8: ಫ್ಯಾನ್ ಸೆಟ್ಟಿಂಗ್

ಎಪ್ಪತ್ತು ಸಾವಿರ ಹಾಕಿ ಇಲ್ಲಿ ತಪ್ಪು ಮಾಡ್ತಾರೆ. ಫ್ಯಾನು ಸಿಪಿಯು ಬಿಸಿ ನೋಡಿ ಓಡೋ ಹಾಗಿದ್ರೆ ಬ್ರೌಸರ್ ತೆಗೆದಾಗ್ಲೆಲ್ಲ ಗುಂಯ್ ಅಂತ ಏರಿ ಇಳಿಯುತ್ತೆ. ಇನ್ನೂರು ಮುನ್ನೂರು ರೂಪಾಯಿಗೋ ಐನೂರಕ್ಕೋ ಸಿಗೋ ನೀರಿನ ಟೆಂಪರೇಚರ್ ಸೆನ್ಸರ್ ಹಾಕಿ, ಮದರ್‌ಬೋರ್ಡಲ್ಲಿ ಅದಕ್ಕೆ ಎರಡು ಪಿನ್ನಿನ ಜಾಗ ಇದ್ಯಾ ಅಂತ ಮೊದಲೇ ನೋಡ್ಕೊಂಡು, ನೀರು 36 ತನಕ ಫ್ಯಾನ್ ತೀರಾ ನಿಧಾನ, 45ಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂತ ಇಡಿ. ನೀರು ನಿಧಾನಕ್ಕೆ ಕಾಯುತ್ತೆ, ನಿಧಾನಕ್ಕೆ ಆರುತ್ತೆ, ಫ್ಯಾನೂ ಹಾಗೇ ನಡ್ಕೊಳ್ಳುತ್ತೆ. ನನ್ನ ರೂಮಲ್ಲಿ ಈಗ ಗೇಮ್ ಓಡ್ತಿದ್ರೂ ಪಕ್ಕದ್ಮನೆ ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಎಣಿಸ್ಬಹುದು.

ಒಂದು ತಮಾಷೆ ನೋಡಿ, ಮನೆಗಳಲ್ಲಿ ಇದು ಕಮ್ಮಿ ಆಗ್ತಿರೋ ಹೊತ್ತಲ್ಲೇ ಡೇಟಾ ಸೆಂಟರಿಗೆ ಇದೇ ನೀರು ಬೇಕಾಗಿದೆ. ಎನ್‌ವಿಡಿಯಾದ ಜಿಬಿ200 ಎನ್‌ವಿಎಲ್72 ಅನ್ನೋ ಒಂದೇ ಒಂದು ರ‍್ಯಾಕು 120 ಕಿಲೋವ್ಯಾಟ್ ಆಸುಪಾಸು ಎಳೆಯುತ್ತೆ, ಅದನ್ನ ಫ್ಯಾನಲ್ಲಿ ಆರಿಸೋದು ಕನಸಿನ ಮಾತು. ಅಲ್ಲೂ ತಾಮ್ರದ ಬ್ಲಾಕು, ಟ್ಯೂಬು, ತುಕ್ಕು ತಡೆಯೋ ಕೂಲಂಟು, ನಾವು ಮೀನಿನ ಪಂಪಲ್ಲಿ ಮಾಡಿದ್ದರ ದೊಡ್ಡಣ್ಣ. ವೈಟ್‌ಫೀಲ್ಡ್ ಕಡೆ ಡೇಟಾ ಸೆಂಟರ್ ಕೆಲಸ ಹುಡುಕ್ತಿರೋ ಹುಡುಗ್ರಿಗೆ ಮನೇಲಿ ಒಂದು ಲೂಪ್ ಕಟ್ಟಿದ ಅನುಭವ ದಂಡ ಆಗಲ್ಲ.

ಹೆಜ್ಜೆ 9: ವರ್ಷಕ್ಕೊಂದು ಸಲ

ಯುಗಾದಿ ಮುಂಚೆ ಮನೆ ತೊಳೆಯೋವಾಗ ಇದನ್ನೂ ಸೇರಿಸ್ಕೊಳ್ಳಿ, ಬೇಸಿಗೆ ಶುರು ಆಗೋ ಹೊತ್ತಿಗೆ ಹೊಸ ನೀರು ಇರುತ್ತೆ. ಡ್ರೇನ್ ವಾಲ್ವ್ ತೆಗೆದು ಹಳೇ ಕೂಲಂಟ್ ಬಾಟ್ಲಿಗೆ ಹಿಡೀರಿ, ಬೆಳಕಿಗೆ ಹಿಡಿದು ಕಣ ತೇಲ್ತಿದ್ಯಾ ನೋಡಿ, ತೇಲ್ತಿದ್ರೆ ಸಿಪಿಯು ಬ್ಲಾಕ್ ಬಿಚ್ಚಿ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ. ರೇಡಿಯೇಟರಿನ ಧೂಳು ಬ್ಲೋವರಲ್ಲಿ ಹೊಡೀವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡ್ಕೊಳ್ಳಿ. ಹಿಡಿದ ಹಳೇ ನೀರನ್ನ ಗಿಡಕ್ಕೆ ಸುರೀಬೇಡಿ, ಅದ್ರಲ್ಲಿ ಗ್ಲೈಕಾಲ್ ಇರಬಹುದು, ಇಥಿಲೀನ್ ಗ್ಲೈಕಾಲ್ ಆಗಿದ್ರೆ ರುಚಿ ಸಿಹಿ, ಆದ್ರೂ ವಿಷ, ಬೀದಿ ನಾಯಿ ನೆಕ್ಕಿದ್ರೆ ಉಳಿಯಲ್ಲ. ಬಾಟ್ಲಿ ಮುಚ್ಚಳ ಬಿಗಿಯಾಗಿ ಹಾಕಿ, ಮೇಲೆ ಕುಡಿಯೋ ನೀರಲ್ಲ ಅಂತ ದೊಡ್ಡದಾಗಿ ಬರ್ದು, ಕಾರಿನ ಕೂಲಂಟ್ ಬದಲಾಯಿಸೋ ಗ್ಯಾರೇಜಿಗೆ ಕೊಟ್ಟು ಬನ್ನಿ, ಅವರ ಹಳೇ ಕೂಲಂಟ್ ಡ್ರಮ್ಮಿಗೆ ಇದೂ ಸೇರುತ್ತೆ.