ಕರ್ನಲ್ ಮೆಕೆಂಜಿಯ ಕುಲದ ನೆಲದಲ್ಲಿ ನನ್ನ ಸುತ್ತಾಟ

ನಮ್ಮ ನಾಡಿನ ಊರೂರ ಕೈಫಿಯತ್ತುಗಳನ್ನು, ಅಂದರೆ ಊರಿನ ಚರಿತ್ರೆಯ ಬರಹಗಳನ್ನು, ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಬಂದರು ಊರಿನಲ್ಲಿ. 1783ರಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದವನು ಮತ್ತೆ ಊರಿಗೆ ಹೋಗಲೇ ಇಲ್ಲ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದ, ಹಂಪಿಯ ನಕ್ಷೆ ಬರೆಸಿದ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವನಿಗೆ ಹಳಗನ್ನಡ ಶಾಸನಗಳನ್ನು ಓದಿ ಹೇಳಿದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ನನ್ನ ತಾಯಿಯ ತವರು ಮಲೆಯೂರಿನ ಪಕ್ಕದಲ್ಲೇ ಇದೆ. ಹಾಗಾಗಿ ಕೆಲಸಕ್ಕೆಂದು ಸ್ಕಾಟ್ಲೆಂಡಿನ ಅಬರ್ಡೀನಿಗೆ ಬಂದಾಗಿನಿಂದ ನನಗೆ ಒಂದೇ ಆಸೆ ಇತ್ತು. ಅವನು ನಮ್ಮ ಊರುಗಳನ್ನು ಸುತ್ತಿದ, ನಾನು ಅವನ ಕುಲದ ಊರುಗಳನ್ನು ಸುತ್ತಬೇಕು.

ಇಲ್ಲಿ ಕುಲಕ್ಕೆ ಕ್ಲಾನ್ ಅನ್ನುತ್ತಾರೆ, ಅದು ಬರೀ ರಕ್ತಸಂಬಂಧ ಅಲ್ಲ. ಒಬ್ಬ ಯಜಮಾನ, ಅವನ ನೆಲ, ಆ ನೆಲದಲ್ಲಿ ಬದುಕುತ್ತಾ ಅವನ ಹೆಸರು ಹೇಳಿಕೊಂಡ ಜನ, ಎಲ್ಲ ಸೇರಿ ಕ್ಲಾನ್. ಮೆಕೆಂಜಿಗಳ ಮೂಲನೆಲ ಪಶ್ಚಿಮ ಕರಾವಳಿಯ ಕಿನ್‌ಟೇಲ್. ಅಲ್ಲಿಂದ ಅವರು ಪೂರ್ವಕ್ಕೆ ಫಲವತ್ತಾದ ಬಯಲಿಗೆ ಇಳಿದರು. 1610ರ ಹೊತ್ತಿಗೆ ಸಮುದ್ರ ದಾಟಿ ಲೂಯಿಸ್ ದ್ವೀಪವನ್ನೂ ಪಡೆದರು. ನನ್ನ ದಾರಿಯನ್ನು ಇದೇ ಜಾಡಿನಲ್ಲಿ ಹಾಕಿಕೊಂಡೆ. ಮೊದಲು ಪೂರ್ವದ ಬಯಲು, ಆಮೇಲೆ ಕಿನ್‌ಟೇಲ್, ಕೊನೆಗೆ ದ್ವೀಪ.

ಹೊರಡುವ ಮುಂಚೆ ಮಾಡಿದ ಕೆಲಸವೇ ಹೆಚ್ಚು ಫಲ ಕೊಟ್ಟಿತು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಹಳೆಯ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಹಳೆಯ ನಕ್ಷೆಯನ್ನು ಇವತ್ತಿನ ನಕ್ಷೆಯ ಮೇಲೆ ಹೊದಿಸಿ ನೋಡಬಹುದು. 1747ರಿಂದ 1755ರ ನಡುವೆ ವಿಲಿಯಂ ರಾಯ್ ಮಾಡಿದ ಸೈನಿಕ ಸರ್ವೆಯ ಹಾಳೆಗಳೂ ಅಲ್ಲಿವೆ. ಗದ್ದುಗೆ ಕಳೆದುಕೊಂಡ ಸ್ಟುವರ್ಟ್ ರಾಜಮನೆತನದ ಪರವಾಗಿ ದಂಗೆ ಎದ್ದ ಗುಡ್ಡಗಾಡಿನ ಜನರನ್ನು ಹತೋಟಿಗೆ ತರಲು ಬರೆಸಿದ ನಕ್ಷೆ ಅದು. ಸರ್ಕಾರ ಸ್ಕಾಟ್ಲೆಂಡಿನ ನೆಲವನ್ನು ಅಳೆದು ಮುಗಿಸುವ ಹೊತ್ತಿನಲ್ಲಿ ಹುಟ್ಟಿದ ಹುಡುಗ ಮುಂದೆ ನಮ್ಮ ನೆಲವನ್ನು ಅಳೆಯಲು ಬಂದ. ಇದನ್ನು ಯೋಚಿಸುತ್ತಾ ಆ ಹಾಳೆಗಳ ಮುಂದೆ ಎಷ್ಟೋ ರಾತ್ರಿ ಕೂತಿದ್ದೇನೆ.

ಇನ್ವರ್ನೆಸ್‌ನಿಂದ ಶುರು ಮಾಡಿದರೆ ಮೊದಲು ಸಿಗುವುದು ಬ್ಯೂಲಿ. ಅಲ್ಲಿನ ಚಾವಣಿ ಇಲ್ಲದ ಹಳೆಯ ಮಠದಲ್ಲಿ 1491ರಲ್ಲಿ ತೀರಿಕೊಂಡ ಕಿನ್‌ಟೇಲ್ ಯಜಮಾನ ಕೆನೆತ್‌ನ ಸಮಾಧಿ ಇದೆ. ರಕ್ಷಾಕವಚ ತೊಟ್ಟು ಮಲಗಿದ ಕಲ್ಲಿನ ಮೂರ್ತಿ. ನಮ್ಮ ವೀರಗಲ್ಲು ನೋಡಿ ಬೆಳೆದವರಿಗೆ ಅದರ ಮುಂದೆ ನಿಂತಾಗ ಪರಿಚಯದ ಭಾವ ಬರುತ್ತದೆ. ಫೋರ್ಟ್ರೋಸ್‌ನ ಕೆಂಪು ಮರಳುಗಲ್ಲಿನ ಕೆಥೆಡ್ರಲ್‌ನಲ್ಲೂ ಇದೇ ಮನೆತನದ ಸಮಾಧಿಗಳಿವೆ. ಇಂಥ ಕಡೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆಯಾಗಿ ಬೀಳುವ ಬಿಸಿಲಿನಲ್ಲಿ ಸವೆದ ಅಕ್ಷರಗಳು ಎದ್ದು ಕಾಣುತ್ತವೆ. ಸೀಮೆಸುಣ್ಣ ಬಳಿಯುವುದಾಗಲಿ ಪಾಚಿ ಕೆರೆಯುವುದಾಗಲಿ ಖಂಡಿತ ಬೇಡ. ಕಲ್ಲು ಹಾಳಾಗುತ್ತದೆ.

ಬ್ರಾಹನ್ ಕೋಟೆ ಮೆಕೆಂಜಿಗಳ ಯಜಮಾನರಾದ ಸೀಫೋರ್ತ್ ಅರ್ಲ್‌ಗಳ ವಾಸದ ಮನೆಯಾಗಿತ್ತು. ಅರ್ಲ್ ಅನ್ನುವುದು ರಾಜ ಕೊಡುವ ಬಿರುದು. ಹಳೆಯ ನಕ್ಷೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಈಗ ಅಲ್ಲಿ ಮನೆ ಇಲ್ಲ, 1950ರ ದಶಕದಲ್ಲಿ ಕೆಡವಿದರು. ಮರಗಳ ನಡುವಿನ ಹುಲ್ಲುಹಾಸು ಮಾತ್ರ ಉಳಿದಿದೆ. ಆದರೂ ಹೋಗಲೇಬೇಕಾದ ಜಾಗ. ಈ ಮನೆಯ ಕೊನೆಯ ಯಜಮಾನ ಫ್ರಾನ್ಸಿಸ್ ಹಂಬರ್‌ಸ್ಟನ್ ಮೆಕೆಂಜಿಗೆ ಎಳೆತನದ ಕಾಯಿಲೆಯಿಂದ ಕಿವಿ ಕೇಳಿಸುತ್ತಿರಲಿಲ್ಲ. ಅವನು 1793ರಲ್ಲಿ ಕಟ್ಟಿದ ಪಡೆ 1803ರ ಅಸ್ಸಾಯೆ ಕದನದಲ್ಲಿ ಮರಾಠರ ವಿರುದ್ಧ ಕಾದಾಡಿತು. ಗಂಡುಮಕ್ಕಳೆಲ್ಲ ತನಗಿಂತ ಮೊದಲೇ ತೀರಿಕೊಂಡದ್ದನ್ನು ನೋಡಿ 1815ರಲ್ಲಿ ಕಣ್ಣು ಮುಚ್ಚಿದ. ಬ್ರಾಹನ್‌ನ ಕಾಲಜ್ಞಾನಿ ಕೊಯಿನ್ಯಾಕ್ ಓಡರ್ ಇದನ್ನೆಲ್ಲ ಮೊದಲೇ ಹೇಳಿದ್ದ ಅಂತ ಜನ ನಂಬುತ್ತಾರೆ. ಅವನ ನೆನಪಿನ ಕಲ್ಲು ಚಾನನ್ರಿ ಪಾಯಿಂಟ್‌ನಲ್ಲಿದೆ. ಅಲ್ಲೇ ಕಡಲಂಚಿನಲ್ಲಿ ಡಾಲ್ಫಿನ್‌ಗಳೂ ಕಾಣಿಸುತ್ತವೆ.

ಈಗ ಕುಲದ ಯಜಮಾನರು ಇನ್ನೊಂದು ಶಾಖೆಯ ಕ್ರೊಮಾರ್ಟಿ ಅರ್ಲ್. ಅವರ ಮನೆ ಸ್ಟ್ರಾತ್‌ಪೆಫರ್ ಹತ್ತಿರದ ಕ್ಯಾಸಲ್ ಲೌಡ್. ವರ್ಷದಲ್ಲಿ ಕೆಲವೇ ದಿನ ಸಾರ್ವಜನಿಕರಿಗೆ ತೆರೆದಿರುತ್ತದೆ, ಆ ದಿನಗಳನ್ನು ಮೊದಲು ನೋಡಿಕೊಂಡು ಉಳಿದ ಪ್ರವಾಸವನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ಕನ್ನಡಿಗರಿಗೆ ಈ ಮನೆ ಬೇರೆ ಕಾರಣಕ್ಕೆ ಮುಖ್ಯ. 1745ರ ದಂಗೆಯಲ್ಲಿ ಸೋತ ಪಕ್ಷಕ್ಕೆ ಸೇರಿ ಆಸ್ತಿ ಕಳೆದುಕೊಂಡ ಮನೆತನ ಇದು. ಆಗಿನ ಅರ್ಲ್‌ನ ಮಗ ಜಾನ್ ಮೆಕೆಂಜಿ, ಅಂದರೆ ಲಾರ್ಡ್ ಮೆಕ್ಲೌಡ್, ಸ್ವೀಡನ್ನಿನ ಸೈನ್ಯದಲ್ಲಿ ದುಡಿದು ವಾಪಸ್ ಬಂದ. 1777ರಲ್ಲಿ ರಾಜನಿಗಾಗಿ ಒಂದು ಪಡೆ ಕಟ್ಟಿದ. ಅದರ ಎರಡು ಕಂಪನಿಗಳು 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕೈಗೆ ಸಿಕ್ಕಿ ನಾಶವಾದವು. ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಉಳಿದವರಲ್ಲಿ ಆ ಪಡೆಯ ಕ್ಯಾಪ್ಟನ್ ಡೇವಿಡ್ ಬೇರ್ಡ್ ಕೂಡ ಒಬ್ಬ. ಶ್ರೀರಂಗಪಟ್ಟಣದ ಸೆರೆಮನೆಗಳನ್ನು ಶಾಲೆಯ ಪ್ರವಾಸದಲ್ಲಿ ನೋಡಿದ ನಾವು ಅಲ್ಲಿದ್ದವರು ಯಾರ ಮಕ್ಕಳು ಅಂತ ಯಾವತ್ತೂ ಕೇಳಿರಲಿಲ್ಲ, ಅಲ್ವಾ? ಆ ಪಡೆ ಸೇರಿದ್ದು ಈ ಕಡೆಯ ಗುಡ್ಡಗಳ ಹುಡುಗರು.

ಕಿನ್‌ಟೇಲ್‌ಗೆ ಕಾರು ಬೇಕೇ ಬೇಕು ಅಂತಿಲ್ಲ. ಇನ್ವರ್ನೆಸ್‌ನಿಂದ ಸ್ಕೈ ದ್ವೀಪಕ್ಕೆ ಹೋಗುವ ಬಸ್ಸು ಗ್ಲೆನ್ ಶೀಲ್ ಕಣಿವೆಯಲ್ಲೇ ಸಾಗುತ್ತದೆ. ಎಲ್ಲರೂ ಫೋಟೋ ತೆಗೆಯುವ ಐಲನ್ ಡೋನನ್ ಕೋಟೆ ಇರುವುದು ಇಲ್ಲೇ, ಮೂರು ಲಾಖ್‌ಗಳು, ಅಂದರೆ ಕಡಲ ಹಿನ್ನೀರುಗಳು ಸೇರುವ ಕಡೆ. ಮೆಕೆಂಜಿಗಳ ಪರವಾಗಿ ಅದನ್ನು ಕಾಯುತ್ತಿದ್ದವರು ಮೆಕ್‌ರೇ ಕುಲದವರು. ಕೋಟೆ ಚೆಂದ, ನಿಜ. ಆದರೆ 1719ರ ಮೇ ತಿಂಗಳಲ್ಲಿ ಸರ್ಕಾರಿ ಯುದ್ಧನೌಕೆಗಳು ಅದನ್ನು ಒಡೆದು ಹಾಕಿದ್ದವು. ಈಗ ಕಾಣುವುದು 1912ರಿಂದ 1932ರವರೆಗೆ ಹೊಸದಾಗಿ ಕಟ್ಟಿದ್ದು. ನನ್ನ ಮಾತು ಕೇಳುವುದಾದರೆ ಅಲ್ಲಿ ಒಂದು ಗಂಟೆ ಸಾಕು. ಉಳಿದ ಹೊತ್ತನ್ನು ಕಣಿವೆಗೆ ಕೊಡಿ.

ಕೋಟೆ ಬಿದ್ದ ಮುಂದಿನ ತಿಂಗಳು, ಜೂನ್ 10ರಂದು, ಗ್ಲೆನ್ ಶೀಲ್‌ನಲ್ಲಿ ಯುದ್ಧ ನಡೆಯಿತು. ದಂಗೆಕೋರರ ಜೊತೆ ಸ್ಪೇನಿನ ಸೈನಿಕರೂ ಇದ್ದರು. ಸೀಫೋರ್ತ್ ಅರ್ಲ್ ಗಾಯಗೊಂಡ, ದಂಗೆ ಅಲ್ಲಿಗೇ ಮುಗಿಯಿತು. ಮೇಲಿನ ಒಂದು ಶಿಖರಕ್ಕೆ ಇವತ್ತಿಗೂ ಸ್ಪೇನಿನವರ ಹೆಸರೇ ಇದೆ. ರಸ್ತೆಯ ಪಕ್ಕದ ಫಲಕದಿಂದ ಇಳಿಜಾರು ಹತ್ತಿದರೆ ಸೈನಿಕರು ಅಡ್ಡಗಟ್ಟಿದ ಕಲ್ಲುಗಳ ಗುರುತು ಸಿಗುತ್ತದೆ. ಹತ್ತಿ ನಿಂತು ಕೆಳಗೆ ನೋಡಿದಾಗಲೇ ಈ ಇಕ್ಕಟ್ಟಾದ ಜಾಗವನ್ನು ಯಾಕೆ ಆರಿಸಿಕೊಂಡರು ಅಂತ ತಿಳಿಯುವುದು. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯಂತೆ ಜವಾಬ್ದಾರಿಯಿಂದ ನಡೆದುಕೊಂಡರೆ ಹೆಚ್ಚಿನ ಗುಡ್ಡ ಬಯಲುಗಳಲ್ಲಿ ಓಡಾಡುವ ಹಕ್ಕು ಎಲ್ಲರಿಗೂ ಇದೆ. ಗಟ್ಟಿ ಬೂಟು, ಮಳೆಕೋಟು, ಬೇಸಿಗೆಯಾದರೆ ನುಸಿಗೆ ಮುಖದ ಪರದೆ, ಇವಿಷ್ಟು ಜೊತೆಗಿರಲಿ.

ಈ ಕಡೆ ನನಗೆ ಅತಿ ಹೆಚ್ಚು ಹಿಡಿಸಿದ್ದು ಲಾಖ್ ಅಲ್ಶ್ ದಡದಲ್ಲಿರುವ ಡೊನಾಲ್ಡ್ ಮರ್ಚಿಸನ್‌ನ ಸ್ಮಾರಕ ಕಂಬ. ಯಜಮಾನ ಸೀಫೋರ್ತ್ ಅರ್ಲ್ ದೇಶ ಬಿಟ್ಟು ಓಡಿದ, ಸರ್ಕಾರ ಅವನ ನೆಲವನ್ನು ಮುಟ್ಟುಗೋಲು ಹಾಕಿಕೊಂಡಿತು. ಆಗಲೂ ಮರ್ಚಿಸನ್ ರೈತರಿಂದ ಗೇಣಿ ಎತ್ತಿ ಫ್ರಾನ್ಸಿನಲ್ಲಿದ್ದ ಯಜಮಾನನಿಗೆ ಮುಟ್ಟಿಸುತ್ತಿದ್ದ. ಕ್ಲಾನ್ ಅಂದರೆ ಏನು ಅಂತ ನನಗೆ ಪೂರ್ತಿ ಅರ್ಥವಾದದ್ದು ಆ ಕಂಬದ ಹತ್ತಿರವೇ. ಕೋಟೆಗಳಲ್ಲಿ ಅಲ್ಲ.

ಲೂಯಿಸ್‌ಗೆ ಉಲ್ಲಾಪೂಲ್‌ನಿಂದ ಫೆರಿ. ಎರಡೂವರೆ ಗಂಟೆ ದಾಟಿದ ಪಯಣ. ಹಡಗಿನ ಹೆಸರೂ ಲಾಖ್ ಸೀಫೋರ್ತ್. ಗಾಳಿ ಜೋರಾದರೆ ಹಡಗು ನಿಲ್ಲಿಸುತ್ತಾರೆ, ಹಾಗಾಗಿ ಹಿಂದಿರುಗುವ ದಿನದ ಪಕ್ಕ ಒಂದು ದಿನ ಖಾಲಿ ಇಟ್ಟುಕೊಳ್ಳಿ. ದ್ವೀಪದಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಊಟದ ಸಾಮಾನು ಶನಿವಾರವೇ ತಂದಿಟ್ಟುಕೊಳ್ಳಬೇಕು. ಊರಿನವರು ಆ ದಿನವನ್ನು ತುಂಬಾ ಗೌರವದಿಂದ ಪಾಲಿಸುತ್ತಾರೆ, ನಾವೂ ಅದಕ್ಕೆ ಹೊಂದಿಕೊಳ್ಳುವುದು ಒಳ್ಳೆಯದು.

ಸ್ಟೋರ್ನೊವೇ ಬಂದರಿನ ಎದುರಿಗಿರುವ ದೊಡ್ಡ ಕೋಟೆಯನ್ನು ನೋಡಿ ಮೆಕೆಂಜಿಗಳದ್ದು ಅಂದುಕೊಳ್ಳಬೇಡಿ. 1844ರಲ್ಲಿ ಆ ಮನೆತನದಿಂದ ದ್ವೀಪವನ್ನೇ ಕೊಂಡ ಜೇಮ್ಸ್ ಮ್ಯಾಥೆಸನ್ ಕಟ್ಟಿಸಿದ್ದು ಅದು. ಚೀನಾದ ಅಫೀಮು ವ್ಯಾಪಾರದಲ್ಲಿ ಗಳಿಸಿದ ಹಣ. ಕಾಲಿನ್‌ನ ಜಾಡು ಹಿಡಿಯಬೇಕಾದರೆ ಊರಾಚೆ ಐಗ್ನಿಶ್‌ಗೆ ಹೋಗಬೇಕು. ಕಡಲಂಚಿನ ಹಳೆಯ ಚರ್ಚು, ಅದರ ಸುತ್ತ ಸ್ಮಶಾನ. ಅಲೆಗಳು ಕೊರೆಯುತ್ತಿದ್ದ ಈ ಜಾಗವನ್ನು ಊರಿನವರೇ ಸೇರಿ ಉಳಿಸಿಕೊಂಡಿದ್ದಾರೆ. ದ್ವೀಪವನ್ನು ಮೊದಲು ಆಳಿದ ಮೆಕ್ಲೌಡ್‌ಗಳ ಕಲ್ಲುಗಳು ಇಲ್ಲಿವೆ. ಗ್ಲೆನ್ ಶೀಲ್‌ನಲ್ಲಿ ಗಾಯಗೊಂಡ ಸೀಫೋರ್ತ್ ಅರ್ಲ್ ಮಲಗಿರುವುದೂ ಇಲ್ಲೇ. ಕಾಲಿನ್‌ನ ಮನೆಯವರ ಸಮಾಧಿ ಮಂಟಪವೂ ಇದೆ. ಅವನು ಮಾತ್ರ ಇಲ್ಲಿಲ್ಲ. 1821ರಲ್ಲಿ ತೀರಿಕೊಂಡ ಅವನನ್ನು ಮಣ್ಣು ಮಾಡಿದ್ದು ಕೋಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ.

ಐಗ್ನಿಶ್‌ನಲ್ಲಿ ಸಿಕ್ಕ ಒಬ್ಬ ಹಿರಿಯರಿಗೆ ನಾನು ಫೋನಿನಲ್ಲಿ ಒಂದು ಚಿತ್ರ ತೋರಿಸಿದೆ. 1816ರಲ್ಲಿ ಥಾಮಸ್ ಹಿಕ್ಕಿ ಬರೆದದ್ದು. ಕೆಂಪು ಕೋಟಿನ ಕರ್ನಲ್, ಜೊತೆಗೆ ಮೂವರು ಭಾರತೀಯ ಸಹಾಯಕರು, ದೂರದ ಬೆಟ್ಟದ ಮೇಲೆ ಗೊಮ್ಮಟ. ಆ ವಿಗ್ರಹ ಯಾರದು ಅಂತ ಅವರು ಕೇಳಿದರು. ಬಾಹುಬಲಿಯ ಕತೆ ಹೇಳಿದೆ. ಕಲ್ಲಿನ ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಧರ್ಮಯ್ಯನವರ ಊರು ಯಾವುದು, ಈಗ ಅಲ್ಲಿ ಅವರ ಮನೆತನದವರು ಇದ್ದಾರಾ ಅಂತ ವಿಚಾರಿಸಿದರು. ಮುಂದಿನ ಸಲ ಊರಿಗೆ ಹೋದಾಗ ಮಲೆಯೂರಿನ ಕನಕಗಿರಿಯಲ್ಲಿ ಕೇಳಿ ನೋಡುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ.