ರೇಷ್ಮೆ ಬಣ್ಣದಲ್ಲಿ ಮಿಂದ ಚಾರಣದ ಬ್ಯಾಗು

ಟ್ರೆಕ್ಕಿಂಗ್ ಬ್ಯಾಗಿಗೆ ಮನೆಯಲ್ಲೇ ಬಣ್ಣ ಹಾಕಬಹುದಾ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಬಟ್ಟೆ ನೈಲಾನಾ, ಪಾಲಿಯೆಸ್ಟರಾ? ನೈಲಾನ್ ಆದರೆ ಧಾರಾಳವಾಗಿ ಹಾಕಿ, ಚೆನ್ನಾಗಿ ಹಿಡಿಯುತ್ತದೆ. ಪಾಲಿಯೆಸ್ಟರ್ ಆದರೆ ಒಲೆ ಹಚ್ಚುವ ಮೊದಲೇ ಕೈಬಿಡಿ. ಎಂಥ ದುಬಾರಿ ಬಣ್ಣ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

ನಾನಿರುವುದು ದೊಡ್ಡಬಳ್ಳಾಪುರದಲ್ಲಿ. ಮಗ್ಗದ ಸದ್ದಿಲ್ಲದ ಬೀದಿ ಇಲ್ಲಿ ಕಡಿಮೆ, ರೇಷ್ಮೆ ನೂಲಿಗೆ ಬಣ್ಣ ಹಾಕುವ ಡೈಯಿಂಗ್ ಯೂನಿಟ್‌ಗಳಿಗೂ ಬರವಿಲ್ಲ. ನನ್ನ 55 ಲೀಟರಿನ ಹಳೆಯ ಬ್ಯಾಗು ಒಂದು ಕಾಲಕ್ಕೆ ನೀಲಿ. ಮಾಕಳಿದುರ್ಗದಿಂದ ಹಿಡಿದು ಕುಮಾರಪರ್ವತದವರೆಗೆ ಬಿಸಿಲು ತಿಂದು ತಿಂದು, ನೆನೆಸಿಟ್ಟ ಬೂದಿಯ ಬಣ್ಣಕ್ಕೆ ಬಂದಿತ್ತು. ಹೊಲಿಗೆ ಗಟ್ಟಿ, ಜಿಪ್ಪು ಸರಿ, ಬೆನ್ನಿಗೆ ಒಗ್ಗಿದ ಬ್ಯಾಗು. ಅದನ್ನು ಎಸೆಯಲು ಮನಸ್ಸಿಲ್ಲ, ಹೊಸದಕ್ಕೆ ಅಷ್ಟು ದುಡ್ಡು ಸುರಿಯುವ ಮನಸ್ಸೂ ಇಲ್ಲ.

ಬಣ್ಣ ಮಾಸಿದೆ ಎಂದರೆ ಬರೀ ಬಣ್ಣ ಹೋಗಿದೆ ಎಂದಲ್ಲ. ಬಿಸಿಲಿನ ಅತಿನೇರಳೆ ಕಿರಣ ನೈಲಾನಿನ ಎಳೆಯನ್ನೂ ತಿನ್ನುತ್ತದೆ. ಹಾಗಾಗಿ ಮೊದಲು ಪರೀಕ್ಷಿಸಬೇಕಾದ್ದು ಬಟ್ಟೆಯ ತ್ರಾಣವನ್ನು. ಸದಾ ಬಿಸಿಲಿಗೆ ಒಡ್ಡಿಕೊಂಡಿರುವ ಮೇಲಿನ ಮುಚ್ಚಳವನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಜೋರಾಗಿ ಎಳೆದು ನೋಡಿ. ಎಳೆ ಬಿಡುವ ಸದ್ದು ಬಂದರೆ, ಹೊಲಿಗೆಯ ಪಕ್ಕದಲ್ಲಿ ಬಟ್ಟೆ ಪಿಸಿದರೆ, ಆ ಬ್ಯಾಗಿಗೆ ಬಣ್ಣ ಹಾಕುವುದು ಅಪಾಯವನ್ನು ಮುಚ್ಚಿಡುವ ಕೆಲಸ. ಹದಿನೈದು ಕಿಲೋ ಹೊತ್ತು ಇಳಿಜಾರಿನಲ್ಲಿರುವಾಗ ಭುಜದ ಪಟ್ಟಿ ಕಿತ್ತು ಬಂದರೆ ಬಣ್ಣ ಚೆನ್ನಾಗಿತ್ತು ಎಂಬ ಸಮಾಧಾನ ಯಾರಿಗೆ ಬೇಕು? ನನ್ನ ಬ್ಯಾಗಿನ ಮುಚ್ಚಳ ಎಳೆತಕ್ಕೆ ಜಗ್ಗಲಿಲ್ಲ.

ಒಳಗಿನ ಲೇಬಲ್ಲಿನಲ್ಲಿ 420 ಡೀನಿಯರ್ ನೈಲಾನ್ ಎಂದಿತ್ತು. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೀನಿಯರ್. ಆದರೆ ಲೇಬಲ್ಲು ಹೇಳುವುದು ದೊಡ್ಡ ಬಟ್ಟೆಯ ಸಂಗತಿ ಮಾತ್ರ. ಪಟ್ಟಿ, ಜಿಪ್ಪಿನ ಟೇಪು, ಹೊಲಿಗೆ ದಾರ, ಬೆನ್ನಿನ ಜಾಲರಿ ಎಲ್ಲವೂ ಬೇರೆ ಬೇರೆ ಜಾತಿಯವು. ಇವನ್ನು ಪತ್ತೆ ಮಾಡಲು ಲ್ಯಾಬು ಬೇಕಿಲ್ಲ. ಪಟ್ಟಿಯ ತುದಿಯಿಂದ ಚೂರು ಕತ್ತರಿಸಿ, ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಹಾಕಿ, ಗಾಳಿಗುಳ್ಳೆ ಹೋಗುವ ಹಾಗೆ ಹಿಂಡಿ ಬಿಡಿ. ತೇಲಿದರೆ ಪಾಲಿಪ್ರೊಪಿಲೀನ್, ಅದು ನೀರಿಗಿಂತ ಹಗುರ. ಅದಕ್ಕೆ ಯಾವ ಬಣ್ಣವೂ ಹತ್ತುವುದಿಲ್ಲ. ಮುಳುಗಿದರೆ ನೈಲಾನೋ ಪಾಲಿಯೆಸ್ಟರೋ ಇರಬೇಕು. ಇವೆರಡನ್ನು ಬೇರ್ಪಡಿಸಲು ನಾನು ಬಳಸಿದ್ದು ಅಡುಗೆಮನೆಯ ಕೇಸರಿಬಾತ್ ಬಣ್ಣ. ಅಂಗಡಿಯಲ್ಲಿ ಸಿಗುವ ಆ ಕಿತ್ತಳೆ ಪುಡಿ ಕೂಡ, ರೇಷ್ಮೆಗೂ ನೈಲಾನಿಗೂ ಹುಳಿನೀರಿನಲ್ಲಿ ಹತ್ತುವ ಆಸಿಡ್ ಡೈ ಜಾತಿಯದೇ. ಒಂದು ಲೋಟ ಕುದಿಯುವ ನೀರಿಗೆ ಚಿಟಿಕೆ ಪುಡಿ, ಎರಡು ಚಮಚ ವಿನೆಗರ್ ಹಾಕಿ, ಚೂರುಗಳನ್ನು ಕಾಲು ಗಂಟೆ ಮುಳುಗಿಸಿಟ್ಟು, ಆಮೇಲೆ ನಲ್ಲಿ ಕೆಳಗೆ ಸೋಪು ಹಚ್ಚಿ ತೊಳೆಯಿರಿ. ಕಿತ್ತಳೆಯಾಗಿಯೇ ಉಳಿದದ್ದು ನೈಲಾನ್. ತೊಳೆದ ಕೂಡಲೇ ಕಿತ್ತಳೆ ಬಿಟ್ಟುಕೊಟ್ಟದ್ದು ಪಾಲಿಯೆಸ್ಟರ್.

ಪಾಲಿಯೆಸ್ಟರಿನ ತಕರಾರು ಏನೆಂದರೆ, ಅದಕ್ಕೆ ಬೇಕಾದ ಡಿಸ್ಪರ್ಸ್ ಬಣ್ಣ ಸರಿಯಾಗಿ ಒಳಗಿಳಿಯಲು ಕಾರ್ಖಾನೆಗಳಲ್ಲಿ ಒತ್ತಡದ ಪಾತ್ರೆಯೊಳಗೆ ಸುಮಾರು 130 ಡಿಗ್ರಿ ಶಾಖ ಕೊಡುತ್ತಾರೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನಲ್ಲಿ 120ರ ಆಸುಪಾಸು ಬಂದೀತು, ಆದರೆ ಬ್ಯಾಗು ಹಿಡಿಸುವ ಕುಕ್ಕರ್ ಯಾರ ಮನೆಯಲ್ಲಿದೆ? ಮನೆಬಳಕೆಗೆಂದೇ ಮಾರುವ ಪಾಲಿಯೆಸ್ಟರ್ ಬಣ್ಣಗಳೂ ಇವೆ. ಕುದಿನೀರಿನಲ್ಲಿ ಅವು ಕೊಡುವುದು ಹೆಚ್ಚಾಗಿ ತೆಳು ಛಾಯೆ, ಜೊತೆಗೆ ಆ ಕುದಿತಕ್ಕೆ ಬ್ಯಾಗಿನ ನೀರು ತಡೆಯುವ ಒಳಲೇಪ ಉಳಿಯುವುದಿಲ್ಲ.

ನಮ್ಮ ಬೀದಿಯ ಹಿಂದೆ ರೇಷ್ಮೆ ನೂಲಿನ ಲಡಿಗೆ ಬಣ್ಣ ಹಾಕುವ ಹಿರಿಯರೊಬ್ಬರಿದ್ದಾರೆ. ಬ್ಯಾಗು ಹಿಡಿದುಕೊಂಡು ಹೋದಾಗ ತಿರುಗಿಸಿ ಮುರುಗಿಸಿ ನೋಡಿ, "ಏನಪ್ಪಾ ಇದು, ಗೋಣಿಚೀಲಕ್ಕೆ ಧರ್ಮಾವರಂ ಬಣ್ಣನಾ?" ಎಂದು ನಕ್ಕರು. "ಅಣ್ಣಾ, ನೈಲಾನ್ ಇದು, ರೇಷ್ಮೆ ಬಣ್ಣ ಹಿಡಿಯುತ್ತೆ ಅಂತ ಓದಿದೀನಿ" ಅಂದೆ. "ಹಿಡಿಯುತ್ತೆ. ರೇಷ್ಮೆಗಿಂತ ಆತುರದಲ್ಲಿ ಹಿಡಿಯುತ್ತೆ. ಅದೇ ಕಷ್ಟ. ಹುಳಿನ ಕೊನೇಲಿ ಹಾಕು, ಶಾಖ ನಿಧಾನಕ್ಕೆ ಏರಿಸು" ಎಂದರು.

ಇದರ ಹಿಂದಿನ ರಸಾಯನ ಸರಳ. ರೇಷ್ಮೆ ಹುಳು ನೂತದ್ದೂ, 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೇಸ್ ಕರಾದರ್ಸ್ ತಂಡ ಮೊದಲು ತಯಾರಿಸಿದ ನೈಲಾನೂ ಒಂದೇ ಬಗೆಯ ಕೊಂಡಿಯಿಂದ ಹೆಣೆದ ಸರಪಳಿಗಳು, ಅಮೈಡ್ ಕೊಂಡಿ. ಎರಡರಲ್ಲೂ ಅಮೈನ್ ಗುಂಪುಗಳಿವೆ. ನೀರಿಗೆ ಹುಳಿ ಬಿದ್ದಾಗ ಅವು ಧನ ವಿದ್ಯುದಂಶ ಪಡೆಯುತ್ತವೆ, ಋಣ ವಿದ್ಯುದಂಶವಿರುವ ಬಣ್ಣದ ಕಣ ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ. ಶಾಖ ನೈಲಾನಿನ ಎಳೆಯನ್ನು ಸಡಿಲಗೊಳಿಸಿ ದಾರಿ ಬಿಡಿಸುತ್ತದೆ. ಮೊದಲೇ ಹುಳಿ ಸುರಿದರೆ ಬಣ್ಣವೆಲ್ಲ ಮೊದಲು ಸಿಕ್ಕ ಜಾಗಕ್ಕೇ ನುಗ್ಗಿ ತೇಪೆತೇಪೆಯಾಗಿ ಕೂರುತ್ತದೆ.

ಸಾಮಾನು ದೊಡ್ಡದೇನಿಲ್ಲ. ಗುಜರಿಯಲ್ಲಿ ಸಿಕ್ಕ ನುಗ್ಗಾದ ಸ್ಟೀಲ್ ಡಬರಿ, ನಲವತ್ತು ಲೀಟರ್ ಹಿಡಿಯುವಂಥದ್ದು. ಅಲ್ಯುಮಿನಿಯಂ ಬೇಡ, ಹುಳಿಗೆ ಕರಗುತ್ತದೆ. ಬಚ್ಚಲಿನ ತಾಮ್ರದ ಹಂಡೆಯ ಮೇಲೆ ಕಣ್ಣು ಹೋಗುವುದು ಸಹಜ, ಅದೂ ಬೇಡ, ತಾಮ್ರ ಬಣ್ಣವನ್ನು ಮಂಕು ಮಾಡುತ್ತದೆ. ಒಮ್ಮೆ ಬಣ್ಣಕ್ಕೆ ಬಳಸಿದ ಪಾತ್ರೆ ಅಡುಗೆಗೆ ಮರಳಬಾರದು. ಉಳಿದಂತೆ ಗ್ರಾಮಿನ ತಕ್ಕಡಿ, ಉದ್ದ ಕಡ್ಡಿಯ ಥರ್ಮಾಮೀಟರ್, ನೀರಿನ ಹುಳಿ ಅಳೆಯುವ ಪಿಎಚ್ ಕಾಗದ, ಕೈಗವಸು, ಪುಡಿ ತೂಗುವಾಗ ಮೂಗಿಗೆ ಮಾಸ್ಕು. ಹುಳಿಗೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಬಣ್ಣದವರು ಅಸಿಟಿಕ್ ಆಸಿಡ್ ಬಳಸುತ್ತಾರೆ, ಮನೆಯಲ್ಲಿ ಅದರ ಘಾಟು ಬೇಡವೆನಿಸಿತು. ನೀರಿನ ಬಗ್ಗೆ ಮಾತ್ರ ಎಚ್ಚರ ಇರಲಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಹಾಕಿದ ಹುಳಿಯನ್ನೆಲ್ಲ ತಾನೇ ಕುಡಿದುಬಿಡುತ್ತದೆ. ನಾನು ತಾರಸಿಯಿಂದ ಹಿಡಿದಿಟ್ಟ ಮಳೆನೀರು ಬಳಸಿದೆ.

ಬಣ್ಣ ಆರಿಸುವಾಗ ಇರುವುದರ ಮೇಲೆ ಕೂಡಿಸಬಹುದೇ ಹೊರತು ಕಳೆಯಲಾಗದು. ಕೆಂಪು ಬ್ಯಾಗಿನ ಮೇಲೆ ಹಸಿರು ಹಾಕಿದರೆ ಸಿಗುವುದು ಕಂದು. ಕ್ಲೋರಿನ್ ಬ್ಲೀಚ್ ಹಾಕಿ ಹಳೆಯದನ್ನು ತೆಗೆಯುವ ಯೋಚನೆ ಬೇಡ, ಅದು ನೈಲಾನನ್ನೇ ಹಾಳುಮಾಡುತ್ತದೆ. ನನ್ನದು ಮಾಸಿದ ನೀಲಿ. ಹಾಗಾಗಿ ಹೆಚ್ಚು ಹಳದಿ, ಸ್ವಲ್ಪ ನೇವಿ ಸೇರಿಸಿ ಕಡುಹಸಿರಿಗೆ ಗುರಿಯಿಟ್ಟೆ. ಆಸಿಡ್ ಬಣ್ಣಗಳಲ್ಲೂ ಬಗೆಗಳಿವೆ. ಲೆವೆಲಿಂಗ್ ಎನ್ನುವವು ಸಮನಾಗಿ ಹರಡುತ್ತವೆ, ಒಗೆತಕ್ಕೆ ಬೇಗ ಬಿಡುತ್ತವೆ. ಮಿಲ್ಲಿಂಗ್ ಬಣ್ಣ ಒಗೆತಕ್ಕೆ ಗಟ್ಟಿ, ಸಮನಾಗಿ ಕೂರಿಸುವುದು ಕಷ್ಟ. ಬಿಸಿಲಿಗೆ ಚೆನ್ನಾಗಿ ತಡೆಯುವುದು ಮೆಟಲ್ ಕಾಂಪ್ಲೆಕ್ಸ್, ಆದರೆ ಅವುಗಳಲ್ಲಿ ಹಲವಕ್ಕೆ ಕ್ರೋಮಿಯಂ ಇಲ್ಲವೇ ಕೋಬಾಲ್ಟ್ ಇರುತ್ತದೆ. ನಮ್ಮ ಹಿತ್ತಲಿನ ನೀರು ಹೋಗುವ ದಾರಿ ನೆನೆದು ಅದನ್ನು ಬಿಟ್ಟು ಮಿಲ್ಲಿಂಗ್ ತಂದೆ.

ಪ್ರಮಾಣವನ್ನು ಬಟ್ಟೆಯ ತೂಕದ ಶೇಕಡಾ ಲೆಕ್ಕದಲ್ಲಿ ಹಿಡಿಯಬೇಕು. ಅರ್ಧ ಶೇಕಡಾಗೆ ತೆಳು, ಎರಡಕ್ಕೆ ತುಂಬಿದ ಬಣ್ಣ, ಕಪ್ಪಿಗಾದರೆ ನಾಲ್ಕು ಅಥವಾ ಮೇಲೆ. ಬೆನ್ನಿನ ಅಲ್ಯುಮಿನಿಯಂ ಪಟ್ಟಿ, ಪ್ಲಾಸ್ಟಿಕ್ ಹಾಳೆ, ಬಿಚ್ಚಲು ಬರುವ ಬಕಲ್ಲು ಎಲ್ಲ ತೆಗೆದು ತೂಗಿದೆ. ಫೋಮು ಜಿಪ್ಪುಗಳನ್ನು ಅಂದಾಜಿನಲ್ಲಿ ಕಳೆದರೆ ನೈಲಾನ್ ಸುಮಾರು 700 ಗ್ರಾಂ. ಎರಡು ಶೇಕಡಾ ಎಂದರೆ 14 ಗ್ರಾಂ ಪುಡಿ.

ಹಿಂದಿನ ದಿನ ಬ್ಯಾಗನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿದೆ. ಬೆವರಿನ ಉಪ್ಪು, ಎಣ್ಣೆ, ಸನ್‌ಸ್ಕ್ರೀನ್ ಕುಳಿತ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ನೀರು ಜಾರಿಸುವ ಹೊರಲೇಪದ ಉಳಿಕೆಯೂ ಹೋಗಬೇಕು. ನೀರು ಹನಿಹನಿಯಾಗಿ ನಿಲ್ಲದೆ ಬಟ್ಟೆಗೆ ಇಂಗಿದರೆ ಸಾಕು ಎಂದರ್ಥ. ಒಳಗಿನ ಪಾಲಿಯುರೆಥೇನ್ ಲೇಪ ಆಗಲೇ ಅಂಟಂಟಾಗಿ ಸುಲಿಯುತ್ತಿತ್ತು, ಅದನ್ನು ಬೆರಳಲ್ಲೇ ಉಜ್ಜಿ ತೆಗೆದೆ. ಲೇಪ ಗಟ್ಟಿಯಾಗಿರುವ ಬ್ಯಾಗಾದರೆ, ಬಿಸಿನೀರಿಗೆ ಹಾಕುವ ಮೊದಲು ಅದನ್ನು ಕಳೆದುಕೊಳ್ಳಲು ಸಿದ್ಧರಿದ್ದೀರಾ ಎಂದು ಯೋಚಿಸಿ. ನಾನಂತೂ ಈಗ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಸಾಮಾನು ತುಂಬುತ್ತೇನೆ. ಮಲೆನಾಡಿನ ಮಳೆಯಲ್ಲಿ ಯಾವ ಲೇಪಕ್ಕಿಂತಲೂ ಅದೇ ಭದ್ರ.

ಹಿತ್ತಲಿನಲ್ಲಿ ಒಲೆ ಹೂಡಿ, ಮೂವತ್ತು ಲೀಟರ್ ನೀರನ್ನು 40 ಡಿಗ್ರಿಗೆ ಕಾಯಿಸಿದೆ. ಪುಡಿಯನ್ನು ಬೇರೆ ಪಾತ್ರೆಯಲ್ಲಿ ಬಿಸಿನೀರಿಗೆ ಕದಡಿ, ಹಳೆಯ ಪಂಚೆಯಲ್ಲಿ ಸೋಸಿ ಸೇರಿಸಿದೆ. ಸೋಸದಿದ್ದರೆ ಕರಗದ ಒಂದು ಕಣ ಸಾಕು, ಬ್ಯಾಗಿನ ಮೇಲೆ ನಕ್ಷತ್ರ ಬಿಡಿಸಲು. ಪೂರ್ತಿ ನೆನೆದ ಬ್ಯಾಗನ್ನು ಎಲ್ಲ ಜಿಪ್ಪು ತೆರೆದು ಇಳಿಸಿದೆ. ಇಲ್ಲಿಂದ ಮುಂದೆ ಇರುವುದು ತಿರುಗಿಸುವ ಕೆಲಸ. ಬ್ಯಾಗು ತೇಲುತ್ತದೆ, ಭುಜದ ಪಟ್ಟಿಯ ಫೋಮು ಮೇಲೇಳುತ್ತದೆ, ಜೇಬಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಎರಡು ಬಿದಿರು ಕೋಲು ಹಿಡಿದು ಒತ್ತುವುದು, ಮಗುಚುವುದು, ಮತ್ತೆ ಒತ್ತುವುದು. ಬಣ್ಣದವರು ಲಡಿಯನ್ನು ಕೋಲಿಗೆ ನೇತುಹಾಕಿ ತಿರುವುತ್ತಲೇ ಇರುವುದು ಯಾಕೆಂದು ಆವತ್ತು ತೋಳುಗಳು ವಿವರಿಸಿದವು.

ಕಾಲು ಗಂಟೆ ಹುಳಿಯಿಲ್ಲದೆ ತಿರುಗಿಸಿದ ಮೇಲೆ ಉರಿ ಹೆಚ್ಚಿಸಿ, ನಿಮಿಷಕ್ಕೆ ಒಂದು ಡಿಗ್ರಿಯ ಲೆಕ್ಕದಲ್ಲಿ 75ಕ್ಕೆ ಏರಿಸಿದೆ. 60 ದಾಟಿದ ಮೇಲೆ ಬಟ್ಟೆಯ ಬಣ್ಣ ಕಣ್ಣೆದುರೇ ಗಾಢವಾಗುತ್ತ ಹೋಗುತ್ತದೆ. ಮೊದಲು ಹತ್ತಿದ್ದು ಹಳದಿ. ಸ್ವಲ್ಪ ಹೊತ್ತು ಬ್ಯಾಗು ಗಿಳಿಹಸಿರಾಗಿಯೇ ಕಾಣುತ್ತಿತ್ತು. ನೇವಿ ಹಿಂದೆ ಬಂತು. ಆಗ ಬ್ಯಾಗನ್ನು ಒಂದು ಬದಿಗೆ ಎತ್ತಿ ಹಿಡಿದು, ನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪನ್ನು ಮೂರು ಸಲವಾಗಿ, ನಡುವೆ ಹತ್ತು ಹತ್ತು ನಿಮಿಷ ಬಿಟ್ಟು ಸೇರಿಸಿದೆ. ಪಿಎಚ್ ಕಾಗದ ಐದಕ್ಕಿಂತ ಸ್ವಲ್ಪ ಕೆಳಗೆ ತೋರಿಸಿದಾಗ ನಿಲ್ಲಿಸಿದೆ. 80ರ ಆಸುಪಾಸಿನಲ್ಲಿ ಮುಕ್ಕಾಲು ಗಂಟೆ ಬಿಟ್ಟೆ. ಕುದಿಸುವ ಅಗತ್ಯವಿಲ್ಲ, ಕುದಿಸಿದರೆ ಅಂಟು ಹಾಕಿದ ಫೋಮು ಬಿಟ್ಟುಕೊಳ್ಳಬಹುದು. ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ನೀರು ತೆಗೆದು ನೋಡಿದರೆ ತೆಳುವಾದ ಗ್ರೀನ್ ಟೀಯಷ್ಟೇ ಬಣ್ಣ ಉಳಿದಿತ್ತು. ಹಾಕಿದ ಬಣ್ಣ ಬಟ್ಟೆಗೆ ಹೋಗಿದೆ, ಚರಂಡಿಗೆ ಉಳಿದದ್ದು ಅಷ್ಟೇ.

ಅಲ್ಲಿಂದ ಎತ್ತಿ ತಣ್ಣೀರಿಗೆ ಹಾಕಬಾರದು. ಬಿಸಿಯಲ್ಲಿ ಮೆತ್ತಗಾದ ನೈಲಾನ್ ಥಟ್ಟನೆ ತಣ್ಣಗಾದರೆ ಆ ಸುಕ್ಕುಗಳು ಹಾಗೇ ನಿಂತುಬಿಡುತ್ತವೆ. ಡಬರಿಯಲ್ಲೇ ಆರಲು ಬಿಟ್ಟು ಸಂಜೆ ತೆಗೆದೆ. ಬಟ್ಟೆ ಬೇಗ ಶುದ್ಧವಾಗುತ್ತದೆ, ಸತಾಯಿಸುವುದು ಭುಜದ ಪಟ್ಟಿಯ ಫೋಮು. ಹಿಂಡಿದಷ್ಟೂ ಹಸಿರು ನೀರು ಬರುತ್ತಲೇ ಇತ್ತು. ಇದನ್ನು ಪೂರ್ತಿ ತೆಗೆಯದಿದ್ದರೆ ಮೊದಲ ಬೆವರಿಗೇ ಅಂಗಿಯ ಭುಜ ಹಸಿರಾಗುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಗುರುತು ಬೀಳದ ಹಂತದವರೆಗೆ ತೊಳೆದು, ನೆರಳಿನಲ್ಲಿ ತಲೆಕೆಳಗಾಗಿ ನೇತುಹಾಕಿದೆ. ಫೋಮಿನ ಒಳಗಿನ ಪಸೆ ಆರಲು ದಿನಗಳೇ ಬೇಕು, ಅವಸರ ಮಾಡಿದರೆ ಬೂಷ್ಟು ಹಿಡಿಯುತ್ತದೆ.

ಬ್ಯಾಗು ಈಗ ಕಾಫಿ ಎಲೆಯ ಕಡುಹಸಿರು. ಹೊಲಿಗೆ ದಾರ ಪಾಲಿಯೆಸ್ಟರ್ ಆದ್ದರಿಂದ ಹಳೆಯ ನೀಲಿಯಲ್ಲೇ ಉಳಿದು, ಬೇಕೆಂದೇ ಹಾಕಿದ ಕಸೂತಿಯ ಹಾಗೆ ಎದ್ದು ಕಾಣುತ್ತದೆ. ಜಿಪ್ಪಿನ ಟೇಪು, ಜಾಲರಿ ಬೂದು. ಮುಚ್ಚಳ ಉಳಿದ ಭಾಗಕ್ಕಿಂತ ಒಂದು ಛಾಯೆ ಬೇರೆ, ಬಿಸಿಲು ತಿಂದ ನೈಲಾನ್ ಬಣ್ಣವನ್ನು ತನ್ನದೇ ರೀತಿಯಲ್ಲಿ ಹಿಡಿಯುತ್ತದೆ. ಒಂದೇ ಬಣ್ಣದ ಹೊಸ ಬ್ಯಾಗು ಬೇಕೆನ್ನುವವರಿಗೆ ಈ ದಾರಿ ಹಿಡಿಸಲಾರದು. ಬಣ್ಣ ನೋಡಲು ಬಂದ ಆ ಹಿರಿಯರು ಮುಚ್ಚಳದ ಮೇಲೆ ಬೆರಳಿಟ್ಟು, "ಇಲ್ಲಿ ಎರಡು ರುಪಾಯಿ ಕಟ್" ಅಂದರು. ಉಳಿದದ್ದಕ್ಕೆ ಕಟ್ ಹೇಳಲಿಲ್ಲ.

ಡಬರಿ ಕಂಡವರು ಅದೂ ಇದೂ ತರತೊಡಗಿದ್ದಾರೆ. ಬೂಟಿನ ಮೇಲೆ ಮೊಣಕಾಲಿನ ಕೆಳಗೆ ಸುತ್ತುವ ನೈಲಾನ್ ಗೇಟರ್, ಸೊಂಟದ ಚೀಲ ಆಗಬಹುದು. ಕ್ಲೈಂಬಿಂಗ್ ಹಗ್ಗ, ಹಾರ್ನೆಸ್, ಸ್ಲಿಂಗ್ ಮಾತ್ರ ಕೈಯಲ್ಲೂ ಮುಟ್ಟುವುದಿಲ್ಲ. ಆಸಿಡ್ ಮತ್ತು ಶಾಖ ನೈಲಾನಿನ ಶಕ್ತಿಯನ್ನು ಎಷ್ಟು ಕುಗ್ಗಿಸಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಜೀವ ಅದರ ಮೇಲೆ ನೇತಾಡುತ್ತಿರುತ್ತದೆ. ಟೆಂಟು, ಮಳೆಜಾಕೆಟ್ಟುಗಳ ಹೊಲಿಗೆಯ ಮೇಲಿನ ಟೇಪು ಬಿಸಿನೀರಿಗೆ ಕಿತ್ತು ಬರುತ್ತದೆ, ಅವೂ ಬೇಡ. ಇನ್ನು ಉಂಬಳ, ಅಂದರೆ ಜಿಗಣೆ, ಕಚ್ಚದಂತೆ ತೊಡುವ ಸಾಕ್ಸು ಕೊಳಕಾಗಿ ಕಾಣುತ್ತದೆ, ಕಪ್ಪು ಮಾಡಿಕೊಡು ಎಂದು ಗೆಳೆಯನೊಬ್ಬ ದುಂಬಾಲು ಬಿದ್ದಿದ್ದಾನೆ. ಅದು ಹತ್ತಿಯದು, ವಾಷಿಂಗ್ ಸೋಡಾ ಹಾಕಿ ರಿಯಾಕ್ಟಿವ್ ಬಣ್ಣದಲ್ಲಿ ಬೆಚ್ಚಗಿನ ನೀರಿನಲ್ಲೇ ಆಗುತ್ತದೆ, ಆಸಿಡ್ ಡೈಗಿಂತ ಸಲೀಸು. ಆದರೂ ಮಾಡಿಕೊಡಲಿಲ್ಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಸೀಮೆಯ ಕಾಡುಗಳಿಗೇ ಅವನು ಓಡಾಡುವುದು. ಕಾಲ ಮೇಲೆ ಉಂಬಳ ಹತ್ತಿದರೂ, ಸಾಸಿವೆ ಕಾಳಿನಷ್ಟು ಉಣುಗು ಹತ್ತಿದರೂ, ಬಿಳಿ ಸಾಕ್ಸಿನ ಮೇಲೆ ಕಂಡಷ್ಟು ಬೇಗ ಕಪ್ಪಿನ ಮೇಲೆ ಕಾಣುವುದಿಲ್ಲ.